ಹಳಗನ್ನಡ ಪಠ್ಯ ಬೋಧನೆ: ತರಗತಿಯ ವೈವಿಧ್ಯ ಮತ್ತು ಬೋಧನಾ ಮಾರ್ಗಗಳು

ಪದವಿ ತರಗತಿಗಳಲ್ಲಿ ಹಳಗನ್ನಡ ಪಠ್ಯವನ್ನು ಬೋಧಿಸುವ ಕ್ರಮ ಬಹುಕಾಲದಿಂದ ಒಂದೇ ಜಾಡಿನಲ್ಲಿ ಸಾಗಿ ಬಂದಿದೆ. ಅಧ್ಯಾಪಕರು ಪದ್ಯವನ್ನು ಓದುತ್ತಾರೆ, ಕಠಿಣ ಪದಗಳಿಗೆ ಅರ್ಥ ಹೇಳುತ್ತಾರೆ, ಅನ್ವಯ ಮಾಡಿ ಸಾರಾಂಶ ಬರೆಸುತ್ತಾರೆ. ವಿದ್ಯಾರ್ಥಿ ಸಾರಾಂಶವನ್ನು ಉಳಿಸಿಕೊಂಡು ಪದ್ಯವನ್ನು ಬಿಟ್ಟುಬಿಡುತ್ತಾನೆ. ಈ ಕ್ರಮದಲ್ಲಿ ದೋಷವೆಂದರೆ ಅದು ಹಳೆಯದು ಎಂಬುದಲ್ಲ. ಎದುರಿಗೆ ಕುಳಿತವರೆಲ್ಲರೂ ಒಂದೇ ಬಗೆಯ ಕನ್ನಡದಿಂದ ಬಂದವರು ಎಂದು ಅದು ಭಾವಿಸುತ್ತದೆ ಎಂಬುದು. ಮನೆಯಲ್ಲಿ ತುಳು ಆಡುವವರು, ತೆಲುಗು ಆಡುವವರು, ಉರ್ದು ಆಡುವವರು, ಗಮಕ ವಾಚನ ಕೇಳಿ ಬೆಳೆದವರು, ಪ್ರೌಢಶಾಲೆಯವರೆಗೆ ಇಂಗ್ಲಿಷ್ ಮಾಧ್ಯಮದಲ್ಲಿ ಓದಿ ಕನ್ನಡವನ್ನು ಒಂದು ವಿಷಯವಾಗಿ ಮಾತ್ರ ಕಂಡವರು ಒಂದೇ ಕೊಠಡಿಯಲ್ಲಿ ಇರುತ್ತಾರೆ. ಇವರೆಲ್ಲರನ್ನೂ ಒಂದೇ ಪದ್ಯದ ಬಳಿಗೆ ಕರೆತರಲು ಎಷ್ಟು ದಾರಿಗಳಿವೆ, ಅವುಗಳಲ್ಲಿ ಯಾವುದು ಎಲ್ಲಿಯವರೆಗೆ ಸಾಗುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಒಂದು ತಪ್ಪು ಗ್ರಹಿಕೆಯನ್ನು ನಿವಾರಿಸಿಕೊಳ್ಳುವುದು ಅಗತ್ಯ. ಕಲಿಕೆಯ ವೈವಿಧ್ಯವನ್ನು ಕುರಿತ ಚರ್ಚೆ ಬಂದಾಗಲೆಲ್ಲ ಶಿಕ್ಷಣಶಾಸ್ತ್ರದ ಕೈಪಿಡಿಗಳು ವಿದ್ಯಾರ್ಥಿಗಳನ್ನು ನೋಡಿ ಕಲಿಯುವವರು, ಕೇಳಿ ಕಲಿಯುವವರು, ಮಾಡಿ ಕಲಿಯುವವರು ಎಂದು ವಿಂಗಡಿಸುತ್ತವೆ. ಹೋವರ್ಡ್ ಗಾರ್ಡ್ನರ್ ಅವರು ೧೯೮೩ರಲ್ಲಿ ಮಂಡಿಸಿದ ಬಹುಬುದ್ಧಿ ಸಿದ್ಧಾಂತವನ್ನೂ ಈ ವಿಂಗಡಣೆಯೊಡನೆ ಬೆರೆಸಿ ಹೇಳುವುದು ರೂಢಿಯಾಗಿದೆ. ಇವೆರಡೂ ಒಂದೇ ಅಲ್ಲ. ವಿದ್ಯಾರ್ಥಿಯ ‘ಶೈಲಿ’ಯನ್ನು ಗುರುತಿಸಿ ಅದಕ್ಕೆ ತಕ್ಕಂತೆ ಬೋಧಿಸಿದರೆ ಕಲಿಕೆ ಹೆಚ್ಚುತ್ತದೆ ಎಂಬ ವಾದವನ್ನು ಹೆರಾಲ್ಡ್ ಪಾಶ್ಲರ್ ಮತ್ತು ಸಂಗಡಿಗರು ೨೦೦೮ರಲ್ಲಿ ವಿವರವಾಗಿ ಪರಿಶೀಲಿಸಿ, ಅದಕ್ಕೆ ತಕ್ಕಷ್ಟು ಪುರಾವೆ ಇಲ್ಲವೆಂದು ತೋರಿಸಿದ್ದಾರೆ. ಆದ್ದರಿಂದ ‘ಇವನು ಕೇಳಿ ಕಲಿಯುವವನು, ಇವನಿಗೆ ಗಮಕ ಸಾಕು’ ಎಂದು ಹಣೆಪಟ್ಟಿ ಅಂಟಿಸುವುದಕ್ಕೆ ಆಧಾರವಿಲ್ಲ. ವಿದ್ಯಾರ್ಥಿಗಳ ನಡುವಣ ಅಂತರವನ್ನು ಹುಡುಕಬೇಕಾದುದು ಅವರು ಈಗಾಗಲೇ ಏನನ್ನು ಬಲ್ಲರು ಎಂಬಲ್ಲಿ. ಹಳಗನ್ನಡದ ಮಟ್ಟಿಗೆ ಈ ‘ಬಲ್ಲುದು’ ಬಹಳ ಮಟ್ಟಿಗೆ ಮನೆಮಾತಿನಲ್ಲಿಯೂ ಕೇಳಿದ ಕಲೆಗಳಲ್ಲಿಯೂ ಅಡಗಿದೆ.

ಹಳಗನ್ನಡದ ಪಕಾರ ನಡುಗನ್ನಡ ಕಾಲಕ್ಕೆ ಹಕಾರವಾದುದು ಎಲ್ಲರೂ ಬಲ್ಲ ಸಂಗತಿ. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪಾವು ಹಾವಾಯಿತು, ಪೊಱಮಟ್ಟಂ ಎಂಬುದು ಹೊರಟನು ಎಂದಾಯಿತು. ತರಗತಿಯಲ್ಲಿ ಇದನ್ನು ಸಾಮಾನ್ಯವಾಗಿ ಒಂದು ನಿಯಮವಾಗಿ ಬರೆಸಲಾಗುತ್ತದೆ. ಆದರೆ ಕೋಲಾರದ ಕಡೆಯ ತೆಲುಗು ಮನೆಮಾತಿನ ವಿದ್ಯಾರ್ಥಿಗೆ ಪಾಲು, ಪುಲಿ, ಪಾಮು ದಿನನಿತ್ಯದ ಮಾತುಗಳು. ಮಂಗಳೂರಿನ ತುಳು ವಿದ್ಯಾರ್ಥಿಗೆ ಪೂ ಎಂದರೆ ಹೂವೇ. ಪಿಲಿ ಎಂದರೆ ಹುಲಿಯೆಂಬುದನ್ನು ಪಿಲಿವೇಷ ನೋಡಿದ ಮಗುವಿಗೂ ಹೇಳಿಕೊಡಬೇಕಿಲ್ಲ. ಮೈಸೂರಿನ ಕನ್ನಡಿಗನಿಗೆ ಅಪರಿಚಿತವಾಗಿ ಕಾಣುವ ಪದ ಇವರಿಗೆ ನೆಂಟನಂತೆ ಕಾಣುತ್ತದೆ. ತಮಿಳು ಅಥವಾ ಮಲಯಾಳ ಬಲ್ಲವರಿದ್ದರೆ ಅವರ ಬಾಯಲ್ಲಿ ಕೋೞಿ ಎಂಬುದರ ೞಕಾರ ಇಂದಿಗೂ ಕೇಳಿಸುತ್ತದೆ. ಪುಸ್ತಕದಲ್ಲಿ ಮಾತ್ರ ಉಳಿದ ಅಕ್ಷರವೆಂದು ಅಧ್ಯಾಪಕರು ಹೇಳುವ ಧ್ವನಿಯನ್ನು ಹಿಂದಿನ ಬೆಂಚಿನ ವಿದ್ಯಾರ್ಥಿಯೇ ಉಚ್ಚರಿಸಿ ತೋರಿಸಬಲ್ಲ. ದಕ್ಷಿಣ ಕನ್ನಡದ ಹವ್ಯಕರ ‘ಆನು’, ‘ಎನಗೆ’ ಎಂಬ ರೂಪಗಳು ಹಳಗನ್ನಡದ ಸರ್ವನಾಮಗಳ ಪಕ್ಕದಲ್ಲಿಯೇ ನಿಲ್ಲುತ್ತವೆ. ಉತ್ತರ ಕರ್ನಾಟಕದ ‘ಮನ್ಯಾಗ’ ಎಂಬುದನ್ನು ಹಳಗನ್ನಡದ ‘ಮನೆಯೊಳ್’ ಎಂಬುದರ ಜೊತೆಗಿಟ್ಟು, ನಡುವೆ ‘ಮನೆಯೊಳಗೆ’ ಎಂಬ ರೂಪವನ್ನು ಸೇರಿಸಿದರೆ ಸಪ್ತಮೀ ವಿಭಕ್ತಿಯ ಪಾಠ ಅರ್ಧ ಮುಗಿದಂತೆಯೇ.

ಇಲ್ಲಿ ಬೋಧನೆಯ ಉಪಾಯ ಸರಳವಾದುದು. ಪಠ್ಯಭಾಗದಿಂದ ಇಪ್ಪತ್ತು ಪದಗಳನ್ನು ಆರಿಸಿ, ಅರ್ಥ ಹೇಳುವುದಕ್ಕೆ ಮೊದಲು, ‘ಇದನ್ನು ಹೋಲುವ ಮಾತು ನಿಮ್ಮ ಮನೆಯಲ್ಲಿದೆಯೇ’ ಎಂದು ಕೇಳುವುದು. ಬಂದ ಉತ್ತರಗಳನ್ನು ಕಪ್ಪು ಹಲಗೆಯ ಮೇಲೆ ಪಕ್ಕಪಕ್ಕದಲ್ಲಿ ಬರೆದರೆ ಧ್ವನಿವ್ಯತ್ಯಾಸದ ನಿಯಮವನ್ನು ವಿದ್ಯಾರ್ಥಿಗಳೇ ಕಂಡುಕೊಳ್ಳುತ್ತಾರೆ. ಕವಿರಾಜಮಾರ್ಗಕಾರನು ಕನ್ನಡವನ್ನು ಬಹುವಚನದಲ್ಲಿ ‘ಕನ್ನಡಂಗಳ್’ ಎಂದು ಹೇಳಿದುದರ ತಾತ್ಪರ್ಯ ಹೀಗೆ ತರಗತಿಯಲ್ಲಿಯೇ ಪ್ರತ್ಯಕ್ಷವಾಗುತ್ತದೆ.

ಈ ಮಾರ್ಗಕ್ಕೆ ಒಂದು ಮಿತಿ ಇದೆ; ಅದನ್ನು ಮರೆತರೆ ಅನ್ಯಾಯವಾಗುತ್ತದೆ. ಉರ್ದು, ಮರಾಠಿ ಅಥವಾ ಲಂಬಾಣಿ ಮನೆಮಾತಿನ ವಿದ್ಯಾರ್ಥಿಗೆ ಇಂಥ ಸೇತುವೆ ಇಲ್ಲ. ಉಳಿದವರು ಉತ್ಸಾಹದಿಂದ ತಮ್ಮ ಪದಗಳನ್ನು ಹೇಳುತ್ತಿರುವಾಗ ಅವನು ಹೊರಗುಳಿಯುತ್ತಾನೆ. ದ್ರಾವಿಡ ನೆಂಟಸ್ತಿಕೆಯ ಈ ಸಂಭ್ರಮ ಒಬ್ಬ ವಿದ್ಯಾರ್ಥಿಯನ್ನು ಪರಕೀಯನನ್ನಾಗಿ ಮಾಡುವುದಾದರೆ ಅದನ್ನು ಯಶಸ್ವಿ ಬೋಧನೆ ಎನ್ನಲಾಗದು. ಅಂಥವನಿಗೆ ಉಪಯುಕ್ತವಾಗುವುದು ಕಣ್ಣಿಗೆ ಕಾಣುವಂತೆ ಬಿಡಿಸಿಟ್ಟ ನಿಯಮವೇ. ಬೀದಿಯಲ್ಲಿ, ಅಂಗಡಿಯಲ್ಲಿ ಕಲಿತ ಹಾಲು, ಹಾವು, ಹಣ್ಣು ಅವನಿಗೂ ಗೊತ್ತು. ಹಕಾರವನ್ನು ತೆಗೆದು ಪಕಾರವನ್ನಿಟ್ಟರೆ ಹಳಗನ್ನಡದ ರೂಪ ಬಹಳ ಸಲ ಸಿಗುತ್ತದೆ ಎಂಬ ಕೀಲಿಕೈಯನ್ನು ಅವನು ಯಾರ ಹಂಗೂ ಇಲ್ಲದೆ ಬಳಸಬಲ್ಲ. ಸೂತ್ರವನ್ನು ಬರೆಸುವ ಹಳೆಯ ಕ್ರಮಕ್ಕೆ ಇರುವ ಬೆಲೆ ಇಲ್ಲಿ ತಿಳಿಯುತ್ತದೆ. ಚಟುವಟಿಕೆಗಳ ಮೋಹದಲ್ಲಿ ಸೂತ್ರವನ್ನು ಕೈಬಿಟ್ಟರೆ ಹೆಚ್ಚು ನಷ್ಟವಾಗುವುದು ಮನೆಯಲ್ಲಿ ಬೇರೆ ಆಧಾರವಿಲ್ಲದವನಿಗೆ.

ಕೇಶಿರಾಜನ ಶಬ್ದಮಣಿದರ್ಪಣವನ್ನು ಈ ದೃಷ್ಟಿಯಿಂದ ಮತ್ತೆ ನೋಡಬೇಕು. ಹದಿಮೂರನೆಯ ಶತಮಾನದ ಈ ವ್ಯಾಕರಣದಲ್ಲಿ ಸೂತ್ರ ಕಂದಪದ್ಯದಲ್ಲಿದೆ, ವೃತ್ತಿ ಗದ್ಯದಲ್ಲಿದೆ, ಪ್ರಯೋಗಗಳು ಪೂರ್ವಕವಿಗಳ ಕಾವ್ಯಗಳಿಂದ ಬಂದಿವೆ. ಒಂದೇ ವಿಷಯವನ್ನು ಕಂಠಸ್ಥ ಮಾಡಿಕೊಳ್ಳಲು ಒಂದು ರೂಪ, ತಿಳಿದುಕೊಳ್ಳಲು ಇನ್ನೊಂದು, ಬಳಕೆಯಲ್ಲಿ ಗುರುತಿಸಲು ಮತ್ತೊಂದು. ೞಕಾರವಿರುವ ಶಬ್ದಗಳನ್ನು ಆತ ಪಟ್ಟಿಮಾಡಿ ಕೊಟ್ಟಿರುವುದಂತೂ ಆ ಧ್ವನಿಯ ತಿಳಿವಳಿಕೆ ಜಾರುತ್ತಿದ್ದ ಕಾಲದ ಓದುಗರನ್ನು ಕಣ್ಣಮುಂದೆ ಇಟ್ಟುಕೊಂಡೇ ಎನ್ನಬೇಕಾಗುತ್ತದೆ. ಬಹುಮಾರ್ಗದ ಬೋಧನೆ ಹೊರಗಿನಿಂದ ಬಂದ ಹೊಸ ಸರಕು ಎಂದು ಶಂಕಿಸುವ ಅಧ್ಯಾಪಕರು ಈ ಗ್ರಂಥದ ವಿನ್ಯಾಸವನ್ನೊಮ್ಮೆ ಗಮನಿಸಬಹುದು.

ಛಂದಸ್ಸಿನ ಪಾಠ ಬಹುತೇಕ ತರಗತಿಗಳಲ್ಲಿ ಪ್ರಸ್ತಾರ ಹಾಕುವ ಲೆಕ್ಕವಾಗಿ ಉಳಿದಿದೆ. ಭಾಮಿನಿ ಷಟ್ಪದಿಯ ೧, ೨, ೪, ೫ನೆಯ ಪಾದಗಳಲ್ಲಿ ಮೂರು ಮತ್ತು ನಾಲ್ಕು ಮಾತ್ರೆಯ ಗಣಗಳು ಎರಡಾವರ್ತಿ ಬರುತ್ತವೆ. ೩ ಮತ್ತು ೬ನೆಯ ಪಾದಗಳಲ್ಲಿ ಮೂರಾವರ್ತಿ ಬಂದು ಕೊನೆಗೊಂದು ಗುರು ನಿಲ್ಲುತ್ತದೆ. ಒಟ್ಟು ೧೦೨ ಮಾತ್ರೆಗಳು. ಇದನ್ನು ಗೆರೆ ಎಳೆದು ತೋರಿಸಿದರೆ ವಿದ್ಯಾರ್ಥಿ ಲೆಕ್ಕ ಕಲಿಯುತ್ತಾನೆ, ಲಯ ಕಲಿಯುವುದಿಲ್ಲ. ಮೊದಲು ಕೈತಟ್ಟಿ ಮೂರು–ನಾಲ್ಕು, ಮೂರು–ನಾಲ್ಕು ಎಂಬ ನಡೆಯನ್ನು ಇಡೀ ತರಗತಿ ಹಿಡಿಯಬೇಕು. ಅನಂತರ ಕುಮಾರವ್ಯಾಸನ ಪದ್ಯವನ್ನು ಆ ನಡೆಯಲ್ಲಿ ಓದಬೇಕು. ಆ ಬಳಿಕವಷ್ಟೇ ಪ್ರಸ್ತಾರ. ಮೂರನೆಯ ಪಾದದ ಕೊನೆಯಲ್ಲಿ ಉಸಿರು ಎಲ್ಲಿ ನಿಲ್ಲುತ್ತದೆಂಬುದನ್ನು ಅಂಗೈ ತಿಳಿದ ಮೇಲೆ ಗುರುವಿನ ಚಿಹ್ನೆ ಅರ್ಥಪೂರ್ಣವಾಗುತ್ತದೆ. ಕಂದಕ್ಕೆ ನಾಲ್ಕು ಮಾತ್ರೆಯ ಗಣವೇ ಆಧಾರವಾದರೂ ಅದರ ನಡೆ ಬೇರೆ. ೧೨ ಮತ್ತು ೨೦ ಮಾತ್ರೆಗಳ ಪಾದಗಳು ಒಂದನ್ನೊಂದು ಹಿಂಬಾಲಿಸಿ ೬೪ ಮಾತ್ರೆಗಳಲ್ಲಿ ಪದ್ಯ ಮುಗಿಯುತ್ತದೆ. ಎರಡನ್ನೂ ಒಂದೇ ಅವಧಿಯಲ್ಲಿ ತಟ್ಟಿಸಿದರೆ ಚಂಪೂ ಕವಿಗಳು ಕಂದವನ್ನು ಮಾತಿಗೆ ಹತ್ತಿರವಾಗಿ ಬಳಸಿದುದೇಕೆ, ನಾರಣಪ್ಪ ಷಟ್ಪದಿಯಲ್ಲಿ ಕಥೆ ಓಡಿಸಿದುದು ಹೇಗೆ ಎಂಬ ಪ್ರಶ್ನೆಗಳು ತಾವಾಗಿ ಏಳುತ್ತವೆ.

ಗಮಕದ ವಿಷಯದಲ್ಲಿಯೂ ಸ್ವಲ್ಪ ವಿವೇಚನೆ ಬೇಕು. ಗಮಕ ಕಲೆಯ ವಿಶೇಷವೆಂದರೆ ಅಲ್ಲಿ ವಾಚನ ಒಬ್ಬರದು, ವ್ಯಾಖ್ಯಾನ ಇನ್ನೊಬ್ಬರದು. ರಾಗ ಸಾಹಿತ್ಯಕ್ಕೆ ಅಧೀನ. ಗಮಕಿಯ ಧ್ವನಿಮುದ್ರಿಕೆಯನ್ನು ಕೇಳಿಸಿ ‘ಚೆನ್ನಾಗಿದೆ’ ಎನ್ನಿಸಿಕೊಂಡು ಮುಂದೆ ಸಾಗುವುದು ಬೋಧನೆಯಾಗುವುದಿಲ್ಲ. ವಿದ್ಯಾರ್ಥಿಗಳನ್ನೇ ಇಬ್ಬಿಬ್ಬರ ಜೋಡಿಗಳನ್ನಾಗಿ ಮಾಡಿ, ಒಬ್ಬ ಓದುವುದು, ಇನ್ನೊಬ್ಬ ಅಲ್ಲಲ್ಲಿ ತಡೆದು ಅರ್ಥ ಹೇಳುವುದು ಎಂದು ಗೊತ್ತುಪಡಿಸಿದರೆ ಪದವಿಭಾಗ ತಪ್ಪಿದ ಕಡೆಗಳೆಲ್ಲ ಕಿವಿಗೆ ತಟ್ಟುತ್ತವೆ. ತಪ್ಪು ಕಡೆ ಉಸಿರು ಬಿಟ್ಟವನು ತಪ್ಪು ಅರ್ಥವನ್ನೇ ಹೇಳಬೇಕಾಗುತ್ತದೆ. ರಾಗ ಬರದವರು ಗದ್ಯದಂತೆ ಓದಿದರೂ ಬಾಧಕವಿಲ್ಲ. ಹಾಡಲಾರದ ಅಧ್ಯಾಪಕರು ಈ ಕಾರಣಕ್ಕಾಗಿಯೇ ವಾಚನವನ್ನು ಕೈಬಿಡುವುದು ವಿಷಾದನೀಯ.

ಬರೆಹವನ್ನೇ ಒಗಟಾಗಿಸುವುದು ಇನ್ನೊಂದು ಮಾರ್ಗ. ಓಲೆಗರಿಗಳಲ್ಲಿ ಪದಗಳ ನಡುವೆ ತೆರವು ಇರುತ್ತಿರಲಿಲ್ಲ. ಪಠ್ಯದ ಒಂದು ಪದ್ಯವನ್ನು ಹಾಗೆಯೇ ಒತ್ತೊತ್ತಾಗಿ ಬರೆದು ಕೊಟ್ಟು, ನಾಲ್ಕೈದು ಜನರ ಗುಂಪುಗಳಿಗೆ ಬಿಡಿಸಲು ಹೇಳಬಹುದು. ‘ನೀರೊಳಿರ್ದನೆಂದು’ ಎಂಬಂಥ ಸುಲಭ ರೂಪವೂ ನೀರೊಳ್, ಇರ್ದನ್, ಎಂದು ಎಂದು ಮೂರಾಗುವಷ್ಟರಲ್ಲಿ ಸಂಧಿ, ವಿಭಕ್ತಿ, ಆಖ್ಯಾತ ಮೂರನ್ನೂ ಕೇಳುತ್ತದೆ. ಎರಡು ಗುಂಪುಗಳು ಎರಡು ಬಗೆಯಾಗಿ ಬಿಡಿಸಿದಾಗ ಯಾವುದು ಛಂದಸ್ಸಿಗೆ ಒಪ್ಪುತ್ತದೆ, ಯಾವುದು ಸಂದರ್ಭಕ್ಕೆ ಒಪ್ಪುತ್ತದೆ ಎಂಬ ವಾದ ಹುಟ್ಟುತ್ತದೆ. ಗ್ರಂಥಸಂಪಾದನೆಯ ಮೊದಲ ಪಾಠವೂ ಇದೇ. ವಿಜ್ಞಾನ, ವಾಣಿಜ್ಯ ವಿಭಾಗಗಳ ವಿದ್ಯಾರ್ಥಿಗಳಲ್ಲಿ ಕಾವ್ಯವೆಂದರೆ ದೂರ ಸರಿಯುವವರೂ ಈ ಬಿಡಿಸುವ ಕೆಲಸದಲ್ಲಿ ತೊಡಗುವುದು ಅಸಂಭವವಲ್ಲ. ಅಲ್ಲಿ ಅವರಿಗೆ ಪರಿಚಿತವಾದ ಬಗೆಯ ತರ್ಕವಿದೆ.

ಕರಾವಳಿಯ ತಾಳಮದ್ದಳೆ ಈ ಎಲ್ಲ ಉಪಾಯಗಳಿಗಿಂತ ಹೆಚ್ಚಿನ ಸಾಧ್ಯತೆಯನ್ನು ತೆರೆಯುತ್ತದೆ. ವೇಷವಿಲ್ಲದೆ, ಕುಣಿತವಿಲ್ಲದೆ, ಭಾಗವತರು ಹಾಡಿದ ಪದ್ಯಕ್ಕೆ ಅರ್ಥಧಾರಿ ಸ್ಥಳದಲ್ಲಿಯೇ ಮಾತು ಕಟ್ಟುತ್ತಾನೆ. ಎದುರು ಪಾತ್ರದವನ ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ. ರನ್ನನ ಗದಾಯುದ್ಧದಲ್ಲಿ ದುರ್ಯೋಧನನು ಸಂಜಯನೊಡನೆ ರಣರಂಗದಲ್ಲಿ ನಡೆಯುವ ಭಾಗ ಈ ಪ್ರಯೋಗಕ್ಕೆ ಹೇಳಿ ಮಾಡಿಸಿದಂತಿದೆ. ಕಾವ್ಯದ ನಾಟಕೀಯ ಗುಣವನ್ನು ಗುರುತಿಸಿಯೇ ಬಿ.ಎಂ.ಶ್ರೀ. ಅವರು ಅದನ್ನು ‘ಗದಾಯುದ್ಧ ನಾಟಕಂ’ ಆಗಿ ರೂಪಿಸಿದರು. ದುರ್ಯೋಧನನು ಶತ್ರುವಿನ ಮಗನಾದ ಅಭಿಮನ್ಯುವಿನ ಪರಾಕ್ರಮವನ್ನು ಕೊಂಡಾಡುವ ಸಂದರ್ಭವನ್ನು ಓದಿಸಿದ ಮೇಲೆ ಒಬ್ಬ ವಿದ್ಯಾರ್ಥಿ ದುರ್ಯೋಧನನಾಗಿ, ಇನ್ನೊಬ್ಬ ಸಂಜಯನಾಗಿ ತಮ್ಮ ತಮ್ಮ ಊರಿನ ಕನ್ನಡದಲ್ಲಿಯೇ ಮಾತಾಡಲಿ. ‘ಈ ಹುಡುಗನನ್ನು ಕೊಲ್ಲಿಸಿದವರು ಯಾರು, ಪ್ರಭು’ ಎಂದು ಸಂಜಯ ಕೇಳಿದರೆ ದುರ್ಯೋಧನನ ಪಾತ್ರಧಾರಿ ಉತ್ತರಕ್ಕಾಗಿ ಪಠ್ಯಕ್ಕೆ ಮರಳಲೇಬೇಕು. ಒಂದು ನಿಬಂಧನೆ ಮಾತ್ರ ಕಡ್ಡಾಯ: ಆಡಿದ ಪ್ರತಿಯೊಂದು ಮಾತಿಗೂ ಪದ್ಯದಲ್ಲಿ ಆಧಾರ ತೋರಿಸಬೇಕು. ಈ ನಿಬಂಧನೆ ಸಡಿಲವಾದರೆ ಅದು ಕಾಲೇಜು ವಾರ್ಷಿಕೋತ್ಸವದ ಪ್ರಹಸನವಾಗುತ್ತದೆ. ರನ್ನ ತರಗತಿಯಿಂದ ಹೊರಗೆ ಹೋಗುತ್ತಾನೆ.

ಎಂಬತ್ತು ಜನ ಕುಳಿತ ತರಗತಿಯಲ್ಲಿ, ವಾರಕ್ಕೆ ಸಿಗುವ ಕೆಲವೇ ಗಂಟೆಗಳಲ್ಲಿ ಇದೆಲ್ಲ ಸಾಧ್ಯವೇ ಎಂಬ ಆಕ್ಷೇಪ ನ್ಯಾಯವಾದುದು. ಪ್ರತಿ ಪದ್ಯಕ್ಕೂ ಎಲ್ಲ ಮಾರ್ಗಗಳನ್ನೂ ಹಿಡಿಯುವುದು ಅಸಾಧ್ಯ, ಅನವಶ್ಯಕವೂ ಹೌದು. ಒಂದು ಪಠ್ಯಭಾಗದಲ್ಲಿ ಎರಡು ಅಥವಾ ಮೂರು ಪದ್ಯಗಳನ್ನು ಆರಿಸಿ ಅವುಗಳ ಮೇಲೆ ಸಮಯ ಸುರಿದು, ಉಳಿದವನ್ನು ಹಳೆಯ ಅನ್ವಯ ಕ್ರಮದಲ್ಲಿಯೇ ಬೇಗ ದಾಟಿಸಬಹುದು. ಯಾವ ಪದ್ಯ ಯಾವ ದಾರಿಯನ್ನು ಕೇಳುತ್ತದೆ ಎಂಬುದನ್ನು ಆ ಪದ್ಯವೇ ನಿರ್ಧರಿಸಬೇಕು. ವಡ್ಡಾರಾಧನೆಯ ಗದ್ಯಕ್ಕೆ ಕೈತಟ್ಟುವುದರಿಂದ ಪ್ರಯೋಜನವಿಲ್ಲ. ಅಲ್ಲಿ ಕಥೆಯನ್ನು ಮರಳಿ ಹೇಳಿಸುವುದೇ ಸೂಕ್ತ. ಎಲ್ಲ ವಿದ್ಯಾರ್ಥಿಗಳೂ ಎಲ್ಲ ದಾರಿಗಳಲ್ಲಿಯೂ ಒಮ್ಮೆಯಾದರೂ ನಡೆಯುವಂತೆ ನೋಡಿಕೊಂಡರೆ ಸಾಕು.

ಇದಕ್ಕಿಂತ ಗಟ್ಟಿಯಾದ ತೊಡಕು ಪರೀಕ್ಷೆಯದು. ರಾಷ್ಟ್ರೀಯ ಶಿಕ್ಷಣ ನೀತಿಯ ಅನ್ವಯ ೨೦೨೧ರಲ್ಲಿ ರಾಜ್ಯದ ಪದವಿ ವ್ಯಾಸಂಗದ ವಿನ್ಯಾಸ ಬದಲಾಯಿತು, ೨೦೨೪ರಲ್ಲಿ ಮತ್ತೆ ಮೂರು ವರ್ಷಗಳ ಪದವಿಗೆ ಮರಳಲಾಯಿತು. ಆದರೆ ‘ಸಂದರ್ಭ ಸೂಚಿಸಿ ಸ್ವಾರಸ್ಯ ವಿವರಿಸಿ’ ಎಂಬ ಪ್ರಶ್ನೆ ಮಾತ್ರ ಬಹುಮಟ್ಟಿಗೆ ತನ್ನ ಸ್ಥಾನದಲ್ಲಿಯೇ ಇದೆ. ಅದಕ್ಕೆ ಸಿದ್ಧ ಉತ್ತರ ಗೈಡುಗಳಲ್ಲಿ ದೊರೆಯುತ್ತದೆ. ಹಾಗಿರುವಾಗ ಪದ ಬಿಡಿಸಲು, ಲಯ ಹಿಡಿಯಲು, ಅರ್ಥ ಹೇಳಲು ಕಲಿತ ವಿದ್ಯಾರ್ಥಿಗೂ ಗೈಡು ಕಂಠಪಾಠ ಮಾಡಿದವನಿಗೂ ಅಂಕಪಟ್ಟಿಯಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಜಾಣ ವಿದ್ಯಾರ್ಥಿ ಇದನ್ನು ಮೊದಲ ಸೆಮಿಸ್ಟರಿನಲ್ಲಿಯೇ ಗ್ರಹಿಸಿ, ತರಗತಿಯ ಚಟುವಟಿಕೆಯನ್ನು ಕಾಲಹರಣವೆಂದು ಬಗೆದರೆ ಅವನನ್ನು ದೂರುವಂತಿಲ್ಲ. ಆಂತರಿಕ ಮೌಲ್ಯಮಾಪನ ಅಧ್ಯಾಪಕರ ಕೈಯಲ್ಲಿರುವ ಕಡೆಗಳಲ್ಲಿ ಎರಡು ಬದಲಾವಣೆಗಳನ್ನು ಕೂಡಲೇ ಮಾಡಬಹುದು. ಒಂದು, ವಾಚನ ಮತ್ತು ಅರ್ಥಗಾರಿಕೆಗೆ ಅಂಕ ಕೊಡುವುದು. ಇನ್ನೊಂದು, ಪಠ್ಯದಲ್ಲಿಲ್ಲದ, ವಿದ್ಯಾರ್ಥಿ ಮೊದಲು ನೋಡಿರದ ನಾಲ್ಕು ಸಾಲಿನ ಹಳಗನ್ನಡ ಗದ್ಯವನ್ನೋ ಒಂದು ಕಂದವನ್ನೋ ಕೊಟ್ಟು, ನಿಘಂಟನ್ನು ಕೈಗಿತ್ತು, ಅರ್ಥಮಾಡಿಕೊಳ್ಳಲು ಹೇಳುವುದು. ಅಂಥ ಪ್ರಶ್ನೆಗೆ ಗೈಡು ಇರಲಾರದು. ಅಲ್ಲಿ ಪುಲಿಯನ್ನು ಮನೆಯಿಂದ ತಂದ ಕೋಲಾರದ ವಿದ್ಯಾರ್ಥಿಯೂ ಸೂತ್ರದಿಂದ ಕಂಡುಕೊಂಡ ಉರ್ದು ಮನೆಮಾತಿನ ವಿದ್ಯಾರ್ಥಿಯೂ ಒಂದೇ ಸಾಲಿನ ಮುಂದೆ ಕುಳಿತಿರುತ್ತಾರೆ. ಯಾರು ಎಲ್ಲಿ ತಡೆದು ನಿಂತರು ಎಂಬುದು ಉತ್ತರಪತ್ರಿಕೆಯಲ್ಲಿ ಕಾಣುತ್ತದೆ, ಮುಂದಿನ ವಾರದ ಪಾಠವನ್ನು ಅಲ್ಲಿಂದಲೇ ಆರಂಭಿಸಬಹುದು.