ಬೆನ್ನೆಲುಬಿನ ಸಂಧಿವಾತವೂ ದೇಹದ ನಿಲುವೂ

ನೆಟ್ಟನೆಯ ನಿಲುವು ಮನುಷ್ಯನಿಗೆ ಪ್ರಕೃತಿಯು ಇತ್ತ ವರವೆಂಬುದು ಪ್ರಾಜ್ಞರಿಗೆ ವಿದಿತವೇ ಆಗಿದೆ. ನಮ್ಮ ನುಡಿಯು ಈ ನಿಲುವಿಗೆ ಶೀಲದ ಅರ್ಥವನ್ನೂ ಕೊಟ್ಟಿದೆ. ಧೈರ್ಯವಿಲ್ಲದವನನ್ನು ಬೆನ್ನೆಲುಬಿಲ್ಲದವನೆನ್ನುತ್ತೇವೆ, ಮಾನವಂತನು ತಲೆಯೆತ್ತಿ ನಡೆಯುವನೆನ್ನುತ್ತೇವೆ. ರಾಮಾಯಣದ ಮಂಥರೆಯನ್ನು ನೆನೆದೊಡನೆ ಆಕೆಯ ಗೂನೂ ನೆನಪಿಗೆ ಬರುತ್ತದೆ. ಇಂತಹ ಸಂಸ್ಕಾರದಲ್ಲಿ ಬೆಳೆದ ಉಪಾಧ್ಯಾಯರು ಬಾಗಿ ನಿಂತ ವಿದ್ಯಾರ್ಥಿಯನ್ನು ಕಂಡಾಗ ಸೋಮಾರಿಯೆಂದೋ ಅವಿನಯಿಯೆಂದೋ ಬಗೆಯುವುದು ಸಹಜ. ಸಹಜವಾದರೂ ಅದು ಯಾವಾಗಲೂ ನ್ಯಾಯವಲ್ಲ.

ಈ ಮಾತನ್ನು ನಾನು ಅನುಭವದಿಂದ ಕಲಿತೆನು. ಕೆಸರೆಯಿಂದ ನಡೆದು ಬರುತ್ತಿದ್ದ ಹತ್ತನೆಯ ತರಗತಿಯ ಬಾಲಕನೊಬ್ಬನು ಬೆಳಗಿನ ಪ್ರಾರ್ಥನೆಯ ವೇಳೆ ಕಂಬಕ್ಕೊರಗಿ ನಿಲ್ಲುತ್ತಿದ್ದನು. ಹಿಮ್ಮಡಿ ನೋಯುತ್ತದೆ, ಸೊಂಟ ಹಿಡಿದಿದೆ ಎನ್ನುತ್ತಿದ್ದನು. ಮಧ್ಯಾಹ್ನದ ಆಟದಲ್ಲಿ ಮಾತ್ರ ಚುರುಕಾಗಿಯೇ ಇರುತ್ತಿದ್ದನು. ಆದಕಾರಣ ಅದನ್ನು ನೆಪವೆಂದು ತಿಳಿದು, ಎಲ್ಲರೆದುರು ಗದರಿಸಿ, ನೆಟ್ಟಗೆ ನಿಲ್ಲಿಸಿದೆನು. ಹಲವು ವರ್ಷಗಳ ಮೇಲೆ ಅವನೇ ನನ್ನನ್ನು ಕಾಣಲು ಬಂದನು. ಬೆನ್ನು ಬಾಗಿತ್ತು; ಕತ್ತು ತಿರುಗುತ್ತಿರಲಿಲ್ಲ. “ಗುರುಗಳೇ, ಆವತ್ತು ನೆಟ್ಟಗೆ ನಿಲ್ಲಬಾರದು ಅಂತ ಅಲ್ಲ, ನಿಲ್ಲೋಕೆ ಆಗ್ತಿರಲಿಲ್ಲ” ಎಂದನು. ಒಲ್ಲೆನೆಂಬುದಕ್ಕೂ ಆರೆನೆಂಬುದಕ್ಕೂ ಕನ್ನಡದಲ್ಲಿ ಬೇರೆಬೇರೆ ಕ್ರಿಯಾಪದಗಳಿವೆಯೆಂದು ವ್ಯಾಕರಣದ ಪಾಠದಲ್ಲಿ ಬೋಧಿಸಿದ್ದ ನನಗೆ ಕಣ್ಣೆದುರಿಗಿದ್ದ ಬಾಲಕನಲ್ಲಿ ಆ ಭೇದ ತಿಳಿಯದೆ ಹೋಯಿತು.

ಅವನಿಗಿದ್ದ ವ್ಯಾಧಿಗೆ ವೈದ್ಯರು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ ‘ಆಂಕಿಲೋಸ್’ ಎಂದರೆ ಬಾಗಿದುದು, ‘ಸ್ಪಾಂಡಿಲೋಸ್’ ಎಂದರೆ ಬೆನ್ನಿನ ಮಣಿ. ಸೊಂಟದ ಕೆಳಗಿನ ತ್ರಿಕಾಸ್ಥಿಯು ಕಟಿಯ ಎಲುಬುಗಳನ್ನು ಕೂಡುವ ಸಂಧಿಗಳಲ್ಲಿ ಉರಿಯೂತವು ಸಾಮಾನ್ಯವಾಗಿ ಮೊದಲಾಗಿ, ಬೆನ್ನೆಲುಬನ್ನು ಏರುತ್ತದೆ. ಕಾಲಕ್ರಮದಲ್ಲಿ ಮಣಿಗಳ ನಡುವೆ ಹೊಸ ಎಲುಬು ಬೆಳೆದು ಅವು ಒಂದಕ್ಕೊಂದು ಬೆಸೆದುಕೊಳ್ಳಬಹುದು. ಕ್ಷಕಿರಣ ಚಿತ್ರದಲ್ಲಿ ಆಗ ಬೆನ್ನೆಲುಬು ಗಿಣ್ಣುಗಳುಳ್ಳ ಬಿದಿರಿನಂತೆ ತೋರುತ್ತದೆ. ನಮ್ಮ ಮಾಧವನಿದಾನವು ಆಮವಾತವನ್ನು ಹೇಳುವಲ್ಲಿ ತ್ರಿಕಸಂಧಿಯನ್ನೂ ದೇಹದ ಬಿಗಿತವನ್ನೂ ಹೆಸರಿಸುತ್ತದೆ. ಎರಡೂ ಒಂದೇ ರೋಗವೆಂದು ಸಾಧಿಸುವುದು ನನ್ನ ಉದ್ದೇಶವಲ್ಲ. ಇಂತಹ ಬಿಗಿತವನ್ನು ನಮ್ಮ ಪೂರ್ವಿಕರೂ ಗಮನಿಸಿದ್ದರೆಂದಷ್ಟೇ ಹೇಳುತ್ತೇನೆ.

1973ರಲ್ಲಿ ಈ ರೋಗಕ್ಕೂ ಎಚ್‌ಎಲ್‌ಎ-ಬಿ27 ಎಂಬ ಆನುವಂಶಿಕ ಗುರುತಿಗೂ ನಂಟಿದೆಯೆಂದು ತಿಳಿದುಬಂದಿತು. ಆದರೆ ಆ ಗುರುತುಳ್ಳವರಲ್ಲಿ ಬಹುಮಂದಿಗೆ ರೋಗವು ಬರುವುದೇ ಇಲ್ಲ. ಇದು ಗಂಡಸರ ರೋಗವೆಂಬ ಹಳೆಯ ಭಾವನೆಯೂ ಸರಿಯಲ್ಲ. ಹೆಂಗಸರಿಗೂ ಬರುತ್ತದೆ, ಅವರಲ್ಲಿ ಗುರುತಿಸುವುದು ಇನ್ನೂ ತಡವಾಗುತ್ತದೆ.

ಇನ್ನು ಸಮತೋಲದ ವಿಚಾರ. ನಿಂತ ಮನುಷ್ಯನ ಭಾರವು ಪಾದಗಳ ಆವರಣದೊಳಗೇ ಇಳಿಯಬೇಕು. ಕಣ್ಣು, ಒಳಗಿವಿ, ಸ್ನಾಯುಸಂಧಿಗಳ ನರಗಳು, ಈ ಮೂರೂ ಕ್ಷಣಕ್ಷಣಕ್ಕೂ ಮೆದುಳಿಗೆ ಸುದ್ದಿ ಮುಟ್ಟಿಸುತ್ತಿರುತ್ತವೆ. ದೇಹವು ತನ್ನನ್ನು ತಾನೇ ತಿದ್ದಿಕೊಳ್ಳುತ್ತಿರುತ್ತದೆ. ಬೆನ್ನು ಮುಂದಕ್ಕೆ ಬಾಗಿದಾಗ ಭಾರವೂ ಮುಂದಕ್ಕೆ ಸರಿಯುತ್ತದೆ. ಮುಗ್ಗರಿಸದಿರಲು ರೋಗಿಯು ಕಟಿಯನ್ನು ಹಿಂದಕ್ಕೆ ವಾಲಿಸಿ, ಮಂಡಿಗಳನ್ನು ಮಡಿಸಿ ನಿಲ್ಲುತ್ತಾನೆ. ಇದು ಸೋಮಾರಿತನವಲ್ಲ, ಎಡೆಬಿಡದ ದುಡಿಮೆ; ತೊಡೆಯ ಸ್ನಾಯುಗಳು ಬೇಗನೆ ದಣಿಯುವುದು ಇದರಿಂದಲೇ. ಕತ್ತೂ ಬಿಗಿದರೆ ದೃಷ್ಟಿಯು ನೆಲಕ್ಕಿಳಿಯುತ್ತದೆ. ರಸ್ತೆ ದಾಟುವಾಗ ಅಕ್ಕಪಕ್ಕ ನೋಡಲು ಇಡೀ ದೇಹವನ್ನೇ ತಿರುಗಿಸಬೇಕಾಗುತ್ತದೆ.

ಆದರೂ ಇಂತಹವರೆಲ್ಲರೂ ತೂರಾಡುವರೆಂದು ಭಾವಿಸಲಾಗದು. ನಿಲುವಿನ ಸ್ಥಿರತೆಯನ್ನು ಅಳೆದ ಅಧ್ಯಯನಗಳಲ್ಲಿ ಕೆಲವು ಇವರಿಗೂ ಆರೋಗ್ಯವಂತರಿಗೂ ಹೆಚ್ಚಿನ ಅಂತರವನ್ನು ಕಾಣಲಿಲ್ಲ. ಬೇರೆ ಕೆಲವು, ಗೂನು ಹೆಚ್ಚಿದವರಲ್ಲಿ ಅಂತರವನ್ನು ಕಂಡವು. ಎಡವಿದಾಗ ನಾವು ನಡುವನ್ನು ಬಳುಕಿಸಿ ಚೇತರಿಸಿಕೊಳ್ಳುತ್ತೇವೆ. ಬಳುಕದ ನಡುವುಳ್ಳವರಿಗೆ ಆ ಅನುಕೂಲ ಕಡಿಮೆ. ಅದಲ್ಲದೆ ಬೆಸೆದ ಬೆನ್ನೆಲುಬು ಗಟ್ಟಿಯಾಗಿ ಕಂಡರೂ ಒಳಗೆ ಪೆಡಸು. ಸಣ್ಣ ಬೀಳುವಿಕೆಯಿಂದಲೂ ಮುರಿಯಬಹುದು.

ಕೆಸರೆಯಂತಹ ದುಡಿಯುವ ಜನರ ಬಡಾವಣೆಯಲ್ಲಿ ಬೆನ್ನುನೋವು ಹೊಸ ಸುದ್ದಿಯಲ್ಲ. ಹಾಗಿರಲು ಈ ರೋಗವನ್ನು ಪ್ರತ್ಯೇಕಿಸಿ ತಿಳಿಯುವುದೆಂತು? ಭಾರ ಹೊತ್ತು ಬಂದ ನೋವು ವಿಶ್ರಾಂತಿಯಿಂದ ಇಳಿಯುತ್ತದೆ. ಈ ನೋವು ವಿಶ್ರಾಂತಿಯಿಂದ ಹೆಚ್ಚಿ, ಚಲನೆಯಿಂದ ತಗ್ಗುತ್ತದೆ. ಹರೆಯದಲ್ಲಿ ಮೆಲ್ಲಮೆಲ್ಲನೆ ತೊಡಗಿ, ಮೂರು ತಿಂಗಳು ಮೀರಿ ಉಳಿಯುವುದು. ಇರುಳಿನ ಉತ್ತರಾರ್ಧದಲ್ಲಿ ಎಚ್ಚರಗೊಳಿಸುವುದು. ಬೆಳಗ್ಗೆ ಅರ್ಧ ಗಂಟೆಗೂ ಹೆಚ್ಚು ಕಾಲ ಬೆನ್ನು ಬಿಗಿದಿರುವುದು. ಇವು ಮುಖ್ಯ ಲಕ್ಷಣಗಳು. ಹುಡುಗರಲ್ಲಿ ಹಿಮ್ಮಡಿಯ ಅಥವಾ ಮಂಡಿಯ ನೋವೇ ಮೊದಲಾಗಬಹುದು. ಕಣ್ಣು ಕೆಂಪಗಾಗಿ ನೋಯುವುದೂ ಉಂಟು; ಆಗ ನೇತ್ರವೈದ್ಯರನ್ನು ತಡಮಾಡದೆ ಕಾಣಬೇಕು. ಹಿಮ್ಮಡಿಯನ್ನೂ ಬೆನ್ನನ್ನೂ ಗೋಡೆಗೆ ತಾಗಿಸಿ ನಿಂತಾಗ ತಲೆಯ ಹಿಂಭಾಗವು ಗೋಡೆಯನ್ನು ಮುಟ್ಟದಿದ್ದರೆ ಆ ಅಂತರವನ್ನು ವೈದ್ಯರು ಅಳೆಯುತ್ತಾರೆ. ಆರಂಭದಲ್ಲಿ ಕ್ಷಕಿರಣ ಚಿತ್ರದಲ್ಲಿ ಏನೂ ಕಾಣದಿರಬಹುದು, ಎಂ.ಆರ್.ಐ. ಪರೀಕ್ಷೆಯಲ್ಲಿ ಮೊದಲೇ ಕಾಣಬಹುದು. ಮಧ್ಯಾಹ್ನ ಚುರುಕಾಗಿದ್ದ ಆ ಬಾಲಕನು ಬೆಳಗ್ಗೆ ನಟಿಸುತ್ತಿರಲಿಲ್ಲವೆಂಬುದು ಈಗ ವಾಚಕರಿಗೂ ಸ್ಪಷ್ಟವಾಗಿರಬೇಕು.

ಚಿಕಿತ್ಸೆಯ ಮೊದಲ ಮೆಟ್ಟಿಲು ನಿತ್ಯದ ವ್ಯಾಯಾಮ ಮತ್ತು ವೈದ್ಯರು ಕೊಡುವ ಉರಿಯೂತ ಶಮನದ ಮಾತ್ರೆ. ಅಷ್ಟರಿಂದ ಹತೋಟಿಗೆ ಬಾರದವರಿಗೆ ಈ ಶತಮಾನದ ಆರಂಭದಿಂದ ಜೈವಿಕ ಚುಚ್ಚುಮದ್ದುಗಳು ದೊರೆತಿವೆ. ಬೆಲೆ ಹೆಚ್ಚು, ಗುಣವೂ ಹೆಚ್ಚು. ಆದರೆ ಬೆಸೆದುಹೋದ ಎಲುಬನ್ನು ಯಾವ ಮದ್ದೂ ಬಿಡಿಸಲಾರದು. ಬೇಗನೆ ಗುರುತಿಸುವುದರ ಬೆಲೆ ಇರುವುದು ಇಲ್ಲಿಯೇ. ತೆಳುವಾದ ದಿಂಬು, ಜೋಲದ ಹಾಸಿಗೆ, ದಿನಕ್ಕೆ ಸ್ವಲ್ಪ ಹೊತ್ತು ಬೋರಲು ಮಲಗುವುದು, ಆಳವಾಗಿ ಉಸಿರಾಡುವುದು, ಈಜು, ಇವೆಲ್ಲ ನಿಲುವಿಗೆ ಸಹಕಾರಿ. ಧೂಮಪಾನವನ್ನು ತ್ಯಜಿಸಲೇಬೇಕು. 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ತಿರುಮಲೈ ಕೃಷ್ಣಮಾಚಾರ್ಯರ ಯೋಗಶಾಲೆಯನ್ನು ಕಂಡ ಊರು ನಮ್ಮದು. ಆಸನಗಳು ಇವರಿಗೂ ಹಿತವೇ. ಆದರೆ ಬೆನ್ನು ಬೆಸೆದವರನ್ನು ಇನ್ನೊಬ್ಬರು ಒತ್ತಿ ಬಗ್ಗಿಸುವುದಾಗಲಿ, ಕತ್ತು ಲಟಕಿಸುವುದಾಗಲಿ, ಕುಸ್ತಿ ಕಬಡ್ಡಿಗಳಾಗಲಿ ಸಲ್ಲವು.

ಇನ್ನೊಂದು ಮಾತನ್ನು ಪ್ರತಿಯೊಬ್ಬರೂ ನೆನಪಿನಲ್ಲಿಡಬೇಕು. ಇಂತಹ ರೋಗಿಯು ಬಿದ್ದು, ಬೆನ್ನು ಅಥವಾ ಕತ್ತಿನಲ್ಲಿ ಹೊಸ ನೋವೆಂದರೆ, ಅವನ ಬಾಗಿದ ಕತ್ತನ್ನು ನೇರಗೊಳಿಸಲು ಹೋಗಬಾರದು. ಮೊದಲು ಹೇಗಿತ್ತೋ ಹಾಗೆಯೇ ಆಧಾರ ಕೊಟ್ಟು, ಅಲುಗಿಸದೆ ಆಸ್ಪತ್ರೆಗೆ ಸಾಗಿಸಬೇಕು. ಬಲವಂತದ ನೇರತನವು ಅಲ್ಲಿ ಪ್ರಾಣಕ್ಕೇ ಮುಳುವಾದೀತು.

ಶಾಲೆಯಲ್ಲಿ ನಾವು ಮಾಡಬಹುದಾದುದು ದೊಡ್ಡದೇನಲ್ಲ. ಅಂತಹ ವಿದ್ಯಾರ್ಥಿಗೆ ನೆಲದ ಬದಲು ಬೆನ್ನಾನಿಕೆಯುಳ್ಳ ಆಸನ. ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಲು ಅನುಮತಿ. ಇಳಿಜಾರಾದ ಬರೆಯುವ ಹಲಗೆ. ಮೆಟ್ಟಿಲಿಗೂ ಶೌಚಾಲಯಕ್ಕೂ ಹಿಡಿಗಂಬಿ. ದಾನಿಗಳು ಹೊಸ ಕಟ್ಟಡಕ್ಕೆ ಕೊಡುವ ಹಣದಲ್ಲಿ ಹಿಡಿಗಂಬಿಗೆ ತಗಲುವುದು ಅಲ್ಪಾಂಶ ಮಾತ್ರ. ಮೂರು ತಿಂಗಳಿಂದ ಬೆಳಗಿನ ಬಿಗಿತವೆನ್ನುವ ವಿದ್ಯಾರ್ಥಿಯ ತಂದೆತಾಯಿಗಳನ್ನು ಕರೆಸಿ, ಕೆ.ಆರ್. ಆಸ್ಪತ್ರೆಗಾಗಲಿ ಬೇರೆ ತಜ್ಞರಲ್ಲಿಗಾಗಲಿ ಕಳುಹಿಸುವುದಕ್ಕೆ ವೆಚ್ಚವೇ ಇಲ್ಲ, ಗಮನವೊಂದಿದ್ದರೆ ಸಾಕು.

ದೇಹವನ್ನೇ ದೇಗುಲವೆಂದು ಕಂಡ ಶರಣರ ಪರಂಪರೆ ನಮ್ಮದು. ದೇಗುಲದ ಕಂಬವೊಂದು ವಾಲಿದರೆ ಅದನ್ನು ಯಾರೂ ಗದರಿಸುವುದಿಲ್ಲ, ಆಧಾರ ಕೊಡುತ್ತಾರೆ. ನಾಳೆಯ ಪ್ರಾರ್ಥನೆಯಲ್ಲಿ ಕಂಬಕ್ಕೊರಗಿ ನಿಂತ ಬಾಲಕನನ್ನೋ ಬಾಲಕಿಯನ್ನೋ ಕಂಡರೆ, ನೆಟ್ಟಗೆ ನಿಲ್ಲೆನ್ನುವ ಮುನ್ನ, ಬೆಳಗ್ಗೆ ಎದ್ದಾಗ ಬೆನ್ನು ಹೇಗಿತ್ತೆಂದು ಕೇಳೋಣ. ಅಂದು ನಾನು ಕೇಳದೆ ಉಳಿದ ಪ್ರಶ್ನೆಯನ್ನು ಸಹೋದ್ಯೋಗಿಗಳಿಗೆ ಈ ಸಂಪುಟದ ಮೂಲಕ ಒಪ್ಪಿಸಿದ್ದೇನೆ.