ಪೆನ್‌ ಸ್ಟ್ಯಾಂಡಿನ ನಾಲ್ಕು ಕುಳಿಗಳು: ವಿನ್ಯಾಸ ತಂತ್ರಾಂಶ ಡೆಸ್ಕ್‌ಟಾಪಿನಿಂದ ಕ್ಲೌಡ್‌ಗೆ ಹೋದಾಗ ಒಂದು ಗಣಿತ ಪಾಠ

ಹತ್ತನೇ ತರಗತಿಯ ‘ಮೇಲ್ಮೈ ವಿಸ್ತೀರ್ಣಗಳು ಮತ್ತು ಘನಫಲಗಳು’ ಘಟಕದಲ್ಲಿ ಎಲ್ಲರಿಗೂ ಪರಿಚಿತವಾದ ಒಂದು ಲೆಕ್ಕವಿದೆ. ಆಯತಘನಾಕಾರದ ಮರದ ಪೆನ್‌ ಸ್ಟ್ಯಾಂಡ್. ಉದ್ದ 15 ಸೆಂ.ಮೀ., ಅಗಲ 10 ಸೆಂ.ಮೀ., ಎತ್ತರ 3.5 ಸೆಂ.ಮೀ. ಪೆನ್ನು ನಿಲ್ಲಿಸಲು ಅದರಲ್ಲಿ ಶಂಕುವಿನಾಕಾರದ ನಾಲ್ಕು ಕುಳಿಗಳು. ಪ್ರತಿ ಕುಳಿಯ ತ್ರಿಜ್ಯ 0.5 ಸೆಂ.ಮೀ., ಆಳ 1.4 ಸೆಂ.ಮೀ. ಸ್ಟ್ಯಾಂಡಿನಲ್ಲಿ ಉಳಿದ ಮರದ ಘನಫಲ ಎಷ್ಟು? ಉತ್ತರ 523.53 ಘನ ಸೆಂ.ಮೀ. ಸೂತ್ರ ಗೊತ್ತಿದ್ದವರಿಗೆ ನಾಲ್ಕು ಸಾಲಿನ ಕೆಲಸ. ಆದರೆ ಕುಳಿಯೊಳಗೆ ಶಂಕು ತಲೆಕೆಳಗಾಗಿ ನಿಂತಿದೆ, ಅದನ್ನು ಕಳೆಯಬೇಕು ಎಂಬ ಚಿತ್ರ ಮನಸ್ಸಿಗೆ ಬಾರದ ಮಕ್ಕಳು ನಾಲ್ಕು ಶಂಕುಗಳನ್ನು ಕೂಡಿಸಿಬಿಡುತ್ತಾರೆ.

ಅಭ್ಯಾಸ ಬೋಧನೆಗೆ ನನಗೆ ದೊರೆತದ್ದು ಬನಶಂಕರಿ ಕಡೆಯ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆ. ಈ ಲೆಕ್ಕವನ್ನು ಮಕ್ಕಳೇ ಕಂಪ್ಯೂಟರಿನಲ್ಲಿ ಕಟ್ಟಿ ನೋಡಲೆಂದು ನಾಲ್ಕು ಅವಧಿಗಳ ಪಾಠ ಯೋಜನೆ ಮಾಡಿದೆ. ಮೊದಲೆರಡು ಅವಧಿ ಯಂತ್ರದಲ್ಲೇ ಸ್ಥಾಪಿಸಿದ ಫ್ರೀಕ್ಯಾಡ್, ನಂತರದ ಎರಡು ಅವಧಿ ಬ್ರೌಸರಿನಲ್ಲೇ ನಡೆಯುವ ಟಿಂಕರ್‌ಕ್ಯಾಡ್. ಎರಡೂ ಉಚಿತ. ಒಂದೇ ಲೆಕ್ಕ, ಒಂದೇ ಮಕ್ಕಳು, ಎರಡು ಬಗೆಯ ತಂತ್ರಾಂಶ. ಈ ಬದಲಾವಣೆಯಿಂದ ಪಾಠದಲ್ಲಿ ಏನಾಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹಿನ್ನೆಲೆ

ಕಂಪ್ಯೂಟರಿನಲ್ಲಿ ವಿನ್ಯಾಸ ಬರೆಯುವುದು ಹೊಸತಲ್ಲ. ಇವಾನ್ ಸದರ್‌ಲ್ಯಾಂಡ್ ಅಮೆರಿಕದ ಎಂಐಟಿಯಲ್ಲಿ ‘ಸ್ಕೆಚ್‌ಪ್ಯಾಡ್’ ರೂಪಿಸಿದ್ದು 1963ರಲ್ಲಿ; ಅದು ನಡೆಯುತ್ತಿದ್ದುದು ಕೋಣೆ ತುಂಬುವ ಯಂತ್ರದ ಮೇಲೆ. 1982ರಲ್ಲಿ ಆಟೋಕ್ಯಾಡ್ ಬಂದು ಈ ಕೆಲಸ ಮೇಜಿನ ಮೇಲಿನ ಕಂಪ್ಯೂಟರಿಗೆ ಇಳಿಯಿತು. 1995ರಲ್ಲಿ ಮೊದಲ ಆವೃತ್ತಿ ಕಂಡ ಸಾಲಿಡ್‌ವರ್ಕ್ಸ್ ಮೂರು ಆಯಾಮದ ವಿನ್ಯಾಸವನ್ನು ವಿಂಡೋಸ್ ಯಂತ್ರಗಳಿಗೆ ತಂದಿತು. ಅದನ್ನು ಕಟ್ಟಿದ ಜಾನ್ ಹಿರ್ಷ್‌ಟಿಕ್ ಅವರೇ ಮುಂದೆ ಜೊತೆಗಾರರೊಂದಿಗೆ ‘ಆನ್‌ಶೇಪ್’ ಆರಂಭಿಸಿ, 2015ರಲ್ಲಿ ಪೂರ್ತಿ ಬ್ರೌಸರಿನಲ್ಲೇ ನಡೆಯುವ ವಿನ್ಯಾಸ ತಂತ್ರಾಂಶವನ್ನು ಹೊರತಂದರು. ದೊಡ್ಡ ಯಂತ್ರದಿಂದ ಮೇಜಿಗೆ ಇಳಿದದ್ದು ಮತ್ತೆ ದೂರದ ದೊಡ್ಡ ಯಂತ್ರಕ್ಕೇ ಹೋಯಿತು ಎನ್ನಬಹುದು.

ನಮ್ಮ ಕಡೆ ಶಾಲಾ ಗಣಿತಕ್ಕೆ ಕಂಪ್ಯೂಟರು ಬಂದದ್ದು ಬೇರೆ ದಾರಿಯಲ್ಲಿ. ಬನಶಂಕರಿ ಮೂರನೇ ಹಂತದಲ್ಲಿರುವ ಡಿಎಸ್‌ಇಆರ್‌ಟಿ ಮತ್ತು ಜಯನಗರದ ಐಟಿ ಫಾರ್ ಚೇಂಜ್ ಸಂಸ್ಥೆ ‘ವಿಷಯ ಶಿಕ್ಷಕರ ವೇದಿಕೆ’ಯ ಮೂಲಕ ಸರ್ಕಾರಿ ಪ್ರೌಢಶಾಲೆಗಳ ಗಣಿತ ಶಿಕ್ಷಕರಿಗೆ ಉಬುಂಟು ಮೇಲೆ ಜಿಯೋಜಿಬ್ರಾ ಕಲಿಸಿದವು; ಕನ್ನಡದ ಮುಕ್ತ ಸಂಪನ್ಮೂಲಗಳನ್ನೂ ಕಟ್ಟಿದವು. ಒಮ್ಮೆ ಯಂತ್ರಕ್ಕೆ ಹಾಕಿದರೆ ಇಂಟರ್ನೆಟ್ ಇಲ್ಲದೆಯೂ ನಡೆಯುವ ತಂತ್ರಾಂಶವದು. ಆ ಆಯ್ಕೆಯ ಬೆಲೆ ನನಗೆ ತಿಳಿದದ್ದು ಈ ನಾಲ್ಕು ಅವಧಿಗಳಲ್ಲಿ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲೆರಡು ಅವಧಿ: ಡೆಸ್ಕ್‌ಟಾಪ್

ಫ್ರೀಕ್ಯಾಡ್ ಅನ್ನು ಪೆನ್‌ಡ್ರೈವ್‌ನಿಂದ ಪ್ರಯೋಗಾಲಯದ ಯಂತ್ರಗಳಿಗೆ ಹಾಕಲು ಶಾಲೆ ಬಿಟ್ಟ ಮೇಲಿನ ಎರಡು ಸಂಜೆ ಹಿಡಿಯಿತು. ಹಳೆಯ ಯಂತ್ರಗಳಲ್ಲಿ ತೆರೆಯಲು ತಡವಾಗುತ್ತಿತ್ತು, ಆದರೆ ತೆರೆದ ಮೇಲೆ ನಿಲ್ಲುತ್ತಿರಲಿಲ್ಲ. ಇದರ ದೊಡ್ಡ ಗುಣ ನಿಖರತೆ. ಇದರೊಳಗೆ ಶಂಕು ಎಂದರೆ ಗಣಿತದ ಶಂಕುವೇ. ಮಿಲಿಮೀಟರಿನಲ್ಲಿ ಅಳತೆ ಕೊಟ್ಟು, ಆಯತಘನದಿಂದ ನಾಲ್ಕು ಶಂಕು ಕಳೆದು, ಪೈಥಾನ್ ಕನ್ಸೋಲಿನಲ್ಲಿ ಒಂದು ಸಾಲು ಬರೆದರೆ 523533.92 ಘನ ಮಿ.ಮೀ. ಎಂಬ ಉತ್ತರ ಬರುತ್ತದೆ. ಮಕ್ಕಳು π ಬದಲು 22/7 ಹಾಕಿ ಮಾಡಿದ ಲೆಕ್ಕ 523533.33. ‘ಎರಡೂ ಸರಿನಾ ಮಿಸ್?’ ಎಂಬ ಪ್ರಶ್ನೆಗೆ ಐದು ನಿಮಿಷ ಕೊಟ್ಟದ್ದು ಸಾರ್ಥಕವಾಯಿತು.

ತೊಡಕು ಬಂದದ್ದು ಎರಡನೇ ಅವಧಿಯಲ್ಲಿ. ಮಾದರಿ ಉಳಿದಿದ್ದುದು ಆಯಾ ಯಂತ್ರದಲ್ಲಿ. ಮರುದಿನ ಇನ್ನೊಂದು ವಿಭಾಗದವರು ಅದೇ ಯಂತ್ರಗಳಲ್ಲಿ ಕೂತೆದ್ದಿದ್ದರು. ನಮ್ಮ ಮಕ್ಕಳು ಸಿಕ್ಕ ಕುರ್ಚಿಯಲ್ಲಿ ಕೂತರು. ಒಂದು ಗುಂಪಿನ ಕಡತದ ಮೇಲೆ ಇನ್ನೊಬ್ಬರು ಬರೆದಿದ್ದರು, ಮತ್ತೊಂದು ಗುಂಪಿನ ಯಂತ್ರವೇ ಆ ದಿನ ಏಳಲಿಲ್ಲ. ಅವಧಿಯ ಮೊದಲ ಹದಿನೈದು ನಿಮಿಷ ಪೆನ್‌ಡ್ರೈವ್ ಹಿಡಿದು ಕಡತ ಹುಡುಕುವುದರಲ್ಲೇ ಹೋಯಿತು. ಸಾಮಾನ್ಯ ಶಾಲೆಯ ಪ್ರಯೋಗಾಲಯದಲ್ಲಿ ಇದು ದಿನನಿತ್ಯದ ಮಾತು ಎಂದು ಅಲ್ಲಿನ ಗಣಿತ ಶಿಕ್ಷಕಿ ಹೇಳಿದರು.

ಕ್ಲೌಡ್ ಎಂದರೆ ಎಲ್ಲಿ?

ಮೂರನೇ ಅವಧಿಯ ಆರಂಭದಲ್ಲಿ ಒಬ್ಬ ಹುಡುಗ ಇದನ್ನೇ ಕೇಳಿದ. ಮೋಡದಲ್ಲಿ ಅಲ್ಲ, ಯಾವುದೋ ಊರಿನ ಕಟ್ಟಡವೊಂದರಲ್ಲಿ, ಕರೆಂಟು ತಿನ್ನುವ ಸಾಲುಸಾಲು ಕಂಪ್ಯೂಟರುಗಳಲ್ಲಿ. ಅವು ಒಂದು ಕಂಪನಿಗೆ ಸೇರಿದವು, ಅಥವಾ ಅದು ಬಾಡಿಗೆಗೆ ಪಡೆದವು. ಆನ್‌ಶೇಪ್‌ನಂಥ ತಂತ್ರಾಂಶದಲ್ಲಿ ಆಕಾರದ ಲೆಕ್ಕಾಚಾರವೆಲ್ಲ ಅಲ್ಲೇ ನಡೆಯುತ್ತದೆ. ನಮ್ಮ ಬ್ರೌಸರಿಗೆ ಬರುವುದು ತೋರಿಸಲು ಬೇಕಾದ ತ್ರಿಕೋನಗಳು ಮಾತ್ರ. ದರ್ಶಿನಿಯ ಉದಾಹರಣೆ ಕೊಟ್ಟೆ: ಅಡುಗೆಮನೆ ಒಳಗೆ, ನಮಗೆ ಕಾಣುವುದು ಕೌಂಟರು. ಇನ್ನೂ ಮುಖ್ಯವಾದ ವ್ಯತ್ಯಾಸ ಕಡತದ್ದು. ಡೆಸ್ಕ್‌ಟಾಪಿನಲ್ಲಿ ವಿನ್ಯಾಸ ಎಂದರೆ ನಮ್ಮ ಕೈಯಲ್ಲಿರುವ ಒಂದು ಕಡತ. ಇಲ್ಲಿ ಅದು ಅವರ ದತ್ತಸಂಚಯದ ದಾಖಲೆ. ನಮಗಿರುವುದು ಅದರ ಬಾಗಿಲಿನ ಕೀಲಿ.

ನಗರದ ಮಕ್ಕಳಿಗೆ ಇದು ತೀರ ದೂರದ ಸಂಗತಿಯೇನಲ್ಲ. ಆಗಿನ ಬಿಬಿಎಂಪಿ 2024ರಲ್ಲಿ ಆರಂಭಿಸಿದ ‘ನಂಬಿಕೆ ನಕ್ಷೆ’ ಯೋಜನೆಯಲ್ಲಿ ಮನೆ ಕಟ್ಟುವ ನಕ್ಷೆಯನ್ನು ಆನ್‌ಲೈನಿನಲ್ಲೇ ಸಲ್ಲಿಸುತ್ತಾರೆ. ಅಪ್ಪ ಗಾರೆ ಕೆಲಸ ಮಾಡುವ ಒಬ್ಬ ಹುಡುಗಿ, ಎಂಜಿನಿಯರ್ ಸಾಹೇಬರು ನಕ್ಷೆಯನ್ನು ಮೊಬೈಲಿನಲ್ಲೇ ತೋರಿಸುತ್ತಾರೆ ಎಂದಳು. ಪಾಠಕ್ಕೆ ಅಷ್ಟು ಪೀಠಿಕೆ ಸಾಕಾಯಿತು.

ನಂತರದ ಎರಡು ಅವಧಿ

ಟಿಂಕರ್‌ಕ್ಯಾಡ್‌ನಲ್ಲಿ ಶಿಕ್ಷಕರು ಒಂದು ತರಗತಿ ತೆರೆದು ಅದರ ಸಂಕೇತ ಕೊಟ್ಟರೆ, ಮಕ್ಕಳು ಇಮೇಲ್ ಇಲ್ಲದೆ ಅಡ್ಡಹೆಸರಿನಿಂದ ಒಳಬರಬಹುದು. ‘ಗುಂಪು 1’, ‘ಗುಂಪು 2’ ಎಂದೇ ಹೆಸರಿಟ್ಟೆ. ಯಾವ ಯಂತ್ರದಲ್ಲಿ ಕೂತರೂ ಅವರವರ ಸ್ಟ್ಯಾಂಡ್ ಅವರಿಗೆ ಸಿಕ್ಕಿತು. ಕಡತ ಹುಡುಕುವ ಹದಿನೈದು ನಿಮಿಷ ಉಳಿಯಿತು. ಆದರೆ ನನಗೆ ಇದಕ್ಕಿಂತ ದೊಡ್ಡ ಲಾಭವೆನಿಸಿದ್ದು ಬೇರೆ.

ಇಲ್ಲಿ ಯಾವ ಆಕಾರವನ್ನಾದರೂ ‘ಘನ’ ಎಂದೋ ‘ತೂತು’ ಎಂದೋ ಗುರುತಿಸಬಹುದು. ತೂತೆಂದು ಗುರುತಿಸಿದ ಶಂಕುವನ್ನು ಆಯತಘನದ ಜೊತೆ ಗುಂಪು ಮಾಡಿದರೆ ಅಷ್ಟು ಭಾಗ ಕೊರೆದುಹೋಗುತ್ತದೆ. ‘ತೂತು ಅಂದ್ರೆ ಮೈನಸ್ಸು’ ಎಂದು ಹಿಂದಿನ ಬೆಂಚಿನಿಂದ ಬಂದ ಮಾತನ್ನೇ ಕಪ್ಪುಹಲಗೆಯ ಮೇಲೆ ಬರೆದೆ. ನಾನು ಸಿದ್ಧಪಡಿಸಿಕೊಂಡಿದ್ದ ವಿವರಣೆಗಿಂತ ಅದು ಚೆನ್ನಾಗಿತ್ತು.

ಶಂಕುವನ್ನು ಕೂರಿಸುವುದೇ ಒಂದು ಲೆಕ್ಕ. ಮೊದಲು ತಲೆಕೆಳಗು ಮಾಡಬೇಕು. ಆಮೇಲೆ ಎಷ್ಟು ಎತ್ತಬೇಕು? ಸ್ಟ್ಯಾಂಡಿನ ಎತ್ತರ 35 ಮಿ.ಮೀ., ಕುಳಿಯ ಆಳ 14 ಮಿ.ಮೀ.; ಶಂಕುವಿನ ತುದಿ ನೆಲದಿಂದ 21 ಮಿ.ಮೀ. ಮೇಲಿದ್ದರೆ ಅದರ ಪಾದ ಸ್ಟ್ಯಾಂಡಿನ ಮೇಲ್ಮೈಗೆ ಸಮವಾಗಿ ಕೂರುತ್ತದೆ. ಪುಸ್ತಕದ ಲೆಕ್ಕದಲ್ಲಿ ಈ 21 ಎಲ್ಲಿಯೂ ಬರುವುದಿಲ್ಲ. ಅದನ್ನು ಕಂಡುಕೊಂಡ ಮಕ್ಕಳು ಮತ್ತೆ ಕುಳಿಗಳನ್ನು ಕೂಡಿಸಲಿಲ್ಲ.

ಮೂರು ಗುಂಪುಗಳ ಕುಳಿಗಳು ತೀರ ಸಣ್ಣದಾಗಿ ಕಂಡವು. ಆಕಾರದ ಅಂಚಿನಲ್ಲಿ ತೋರುವ ಅಗಲದ ಪೆಟ್ಟಿಗೆಯಲ್ಲಿ ಅವರು 5 ಎಂದು ಹಾಕಿದ್ದರು. ಅದು ವ್ಯಾಸದ ಜಾಗ. ಅಲ್ಲಿ 10 ಬರಬೇಕು. ತ್ರಿಜ್ಯ ಅರ್ಧವಾದರೆ ಕುಳಿಯ ಘನಫಲ ಎಷ್ಟಾಗುತ್ತದೆ ಎಂದು ಕೇಳಿದೆ. ‘ಅರ್ಧ’ ಎಂದರು. ಲೆಕ್ಕ ಮಾಡಿ ನೋಡಿದರೆ ಕಾಲು ಭಾಗ: ನಾಲ್ಕು ಕುಳಿ ಸೇರಿ 1.467ರ ಬದಲು 0.367 ಘನ ಸೆಂ.ಮೀ. ಸೂತ್ರದ r ಮೇಲಿನ ಪುಟ್ಟ 2 ಏನು ಮಾಡುತ್ತದೆ ಎಂಬುದು ಕಣ್ಣಿಗೆ ಕಂಡದ್ದು ಇಲ್ಲಿ. ಯಾವ ಗುಂಪು ಎಲ್ಲಿ ನಿಂತಿದೆ ಎಂಬುದು ಒಂದೇ ಪರದೆಯಲ್ಲಿ ಕಾಣುತ್ತಿದ್ದುದರಿಂದ ಆ ಮೂರು ಗುಂಪುಗಳನ್ನು ಬೇಗ ಒಟ್ಟಿಗೆ ಕೂರಿಸಲು ಆಯಿತು.

ಇನ್ನೊಂದು ಪ್ರಶ್ನೆ ನಾನು ಎಣಿಸಿರಲಿಲ್ಲ: ‘ಮಿಸ್, ಶಂಕು ದುಂಡಗಿಲ್ಲ, ಪಟ್ಟಿ ಪಟ್ಟಿ ಇದೆ.’ ನಿಜ. ಟಿಂಕರ್‌ಕ್ಯಾಡ್‌ನ ಶಂಕುವಿನ ಪಾದ ವೃತ್ತವಲ್ಲ, ಬಹುಭುಜ. ಬದಿಗಳ ಸಂಖ್ಯೆಯನ್ನು ನಾವೇ ಹೆಚ್ಚಿಸಬಹುದು. 20 ಬದಿ ಇಟ್ಟಾಗ ವೃತ್ತದೊಳಗಿನ ಬಹುಭುಜದ ವಿಸ್ತೀರ್ಣ ವೃತ್ತದ ವಿಸ್ತೀರ್ಣಕ್ಕಿಂತ ಸುಮಾರು 1.6% ಕಡಿಮೆ, 64ಕ್ಕೆ ಏರಿಸಿದರೆ 0.16% ಮಾತ್ರ. 20 ಬದಿಯ ಕುಳಿಗಳಿಂದ ಉಳಿಯುವ ಮರ 523.53 ಅಲ್ಲ, 523.56 ಘನ ಸೆಂ.ಮೀ. ಬದಿಗಳು ಹೆಚ್ಚಿದಷ್ಟೂ ಬಹುಭುಜ ವೃತ್ತಕ್ಕೆ ಹತ್ತಿರವಾಗುವುದನ್ನು ಮಕ್ಕಳು ಸ್ಲೈಡರ್ ಎಳೆದು ನೋಡಿದರು. ಫ್ರೀಕ್ಯಾಡ್‌ನಲ್ಲಿದ್ದ ನಿಖರತೆ ಇಲ್ಲಿ ಹೋಯಿತು. ಹೋದ ಜಾಗದಲ್ಲಿ ಒಂದು ಒಳ್ಳೆಯ ಪಾಠ ಬಂತು. ಇಂಥದ್ದನ್ನು ಯೋಜನೆಯಲ್ಲಿ ಮೊದಲೇ ಸೇರಿಸಿಕೊಳ್ಳುವುದು ಮೇಲು.

ಲೈನು ಹೋದಾಗ, ಮನೆಗೆ ಹೋದಾಗ

ನಾಲ್ಕನೇ ಅವಧಿಯ ನಡುವೆ ಇಂಟರ್ನೆಟ್ ಹತ್ತು ನಿಮಿಷ ಹೋಯಿತು. ಪರದೆಯ ಮೇಲಿನ ಮಾದರಿ ಹಾಗೇ ಇತ್ತು, ಆದರೆ ಮಾಡಿದ ಬದಲಾವಣೆ ಉಳಿಯುತ್ತದೆಂದು ನಂಬುವಂತಿರಲಿಲ್ಲ. ಪ್ರತಿ ಗುಂಪಿಗೂ ಕೊಟ್ಟಿದ್ದ ಅಳತೆ ಹಾಳೆಯಲ್ಲಿ ಮೇಲ್ನೋಟ ಮತ್ತು ಮುನ್ನೋಟ ಬರೆಯುವ ಕೆಲಸವನ್ನು ಆಗ ಮುಂದಕ್ಕೆ ತಂದೆ. ಹತ್ತು ನಿಮಿಷ ನಷ್ಟವಾಗಲಿಲ್ಲ. ಆದರೆ ಲೈನು ಇಡೀ ದಿನ ಇಲ್ಲದ ಶಾಲೆಯಲ್ಲಿ ಈ ಪಾಠ ಆರಂಭವೇ ಆಗುವುದಿಲ್ಲ. ಉಬುಂಟು ಯಂತ್ರದ ಜಿಯೋಜಿಬ್ರಾ ಅಲ್ಲಿ ನಡೆಯುತ್ತಲೇ ಇರುತ್ತದೆ.

ಮನೆಯ ವಿಷಯ ಇನ್ನೂ ಸೂಕ್ಷ್ಮ. ಒಬ್ಬಳು ಅಣ್ಣನ ಲ್ಯಾಪ್‌ಟಾಪಿನಲ್ಲಿ ಸಂಕೇತ ಹಾಕಿ ಕುಳಿಗಳನ್ನು ಆರು ಮಾಡಿಕೊಂಡು ಬಂದಿದ್ದಳು. ಉಳಿದ ಮರ 522.8 ಎಂದು ಲೆಕ್ಕವನ್ನೂ ತಂದಿದ್ದಳು. ಡೆಸ್ಕ್‌ಟಾಪ್ ಕಡತ ಪ್ರಯೋಗಾಲಯದಲ್ಲೇ ಇದ್ದಿದ್ದರೆ ಇದು ಆಗುತ್ತಿರಲಿಲ್ಲ. ಆದರೆ ಹೆಚ್ಚಿನವರ ಮನೆಯಲ್ಲಿರುವುದು ಒಂದೇ ಫೋನು, ಅದೂ ಸಂಜೆ ಅಪ್ಪ ಅಮ್ಮ ಕೆಲಸದಿಂದ ಬಂದ ಮೇಲೆ. ಆದ್ದರಿಂದ ಮನೆಯಲ್ಲಿ ಮಾಡಿದ್ದಕ್ಕೆ ಅಂಕ ಇಡಲಿಲ್ಲ. ಕ್ಲೌಡ್ ಬಂದರೆ ಎಲ್ಲಿಂದ ಬೇಕಾದರೂ ಕಲಿಯಬಹುದು ಎನ್ನುವವರು ಆ ‘ಎಲ್ಲಿಂದ’ ಎಂಬುದನ್ನು ಸ್ವಲ್ಪ ವಿಚಾರಿಸಬೇಕು.

ಪ್ರಶಿಕ್ಷಣಾರ್ಥಿ ಹೋದ ಮೇಲೆ

ಅಭ್ಯಾಸ ಬೋಧನೆ ಕೆಲವು ವಾರಗಳದ್ದು. ಆದರೆ ತರಗತಿ ಇದ್ದದ್ದು ನನ್ನ ಖಾತೆಯಲ್ಲಿ. ನಾನು ಹೋದರೆ, ಅಥವಾ ಖಾತೆ ಮುಚ್ಚಿದರೆ, ಮಕ್ಕಳ ಕೆಲಸದ ಗತಿ ಏನು? ಯಂತ್ರದಲ್ಲಿದ್ದ ಕಡತಕ್ಕೆ ಈ ಪ್ರಶ್ನೆ ಇರಲಿಲ್ಲ, ಯಂತ್ರ ಶಾಲೆಯದು.

ಕಂಪನಿಯ ಕಡೆಯಿಂದಲೂ ಇದೇ ಪ್ರಶ್ನೆಯಿದೆ. 2013ರ ಮಾರ್ಚಿನಲ್ಲಿ ಟಿಂಕರ್‌ಕ್ಯಾಡ್ ಮುಚ್ಚುವುದಾಗಿ ಅದರ ಸ್ಥಾಪಕರೇ ಪ್ರಕಟಿಸಿದ್ದರು. ಮೇ ತಿಂಗಳಲ್ಲಿ ಆಟೋಡೆಸ್ಕ್ ಅದನ್ನು ಕೊಂಡದ್ದರಿಂದ ಉಳಿಯಿತು. ಅದೇ ಆಟೋಡೆಸ್ಕ್ ತನ್ನ ಉಚಿತ 123ಡಿ ಸರಣಿಯನ್ನು 2017ರಲ್ಲಿ ನಿಲ್ಲಿಸಿತು. ಫ್ಯೂಷನ್ 360ರ ಉಚಿತ ವೈಯಕ್ತಿಕ ಬಳಕೆಯಲ್ಲಿ ಒಮ್ಮೆಗೆ ತಿದ್ದಬಹುದಾದ ವಿನ್ಯಾಸಗಳನ್ನು 2020ರಲ್ಲಿ ಹತ್ತಕ್ಕೆ ಇಳಿಸಿತು. ಇದು ದೂರಲ್ಲ, ಉಚಿತ ಸೇವೆಯ ಸ್ವಭಾವ. ಪಾಠ ಯೋಜನೆ ಬರೆಯುವಾಗ ಇದು ಗೊತ್ತಿರಬೇಕು.

ಆದ್ದರಿಂದ ಮೊದಲ ದಿನವೇ ಮುಖ್ಯಶಿಕ್ಷಕರ ಒಪ್ಪಿಗೆ ಪಡೆದು, ಪೋಷಕರಿಗೆ ಪತ್ರ ಕಳಿಸಿ ಸಹಿ ತರಿಸಿದ್ದೆವು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರೆಲ್ಲ ಮಕ್ಕಳೇ, ಅವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು. ಅಡ್ಡಹೆಸರು ಇಟ್ಟದ್ದು ಇದೇ ಕಾರಣಕ್ಕೆ. ಶಾಲೆಯ ಗಣಿತ ಶಿಕ್ಷಕಿಯನ್ನು ಸಹಶಿಕ್ಷಕರಾಗಿ ಆ ತರಗತಿಗೆ ಸೇರಿಸಿದೆ.

ಕೊನೆಗೆ ಎಲ್ಲ ಗುಂಪುಗಳ ಮಾದರಿಗಳನ್ನು ಎಸ್‌ಟಿಎಲ್ ಕಡತಗಳಾಗಿ ಇಳಿಸಿಕೊಂಡೆ. ಫ್ರೀಕ್ಯಾಡ್‌ನಲ್ಲಿ ತೆರೆದರೆ ಸ್ಟ್ಯಾಂಡ್ ಕಾಣುತ್ತದೆ, ಆದರೆ ಅದು ಬರೀ ತ್ರಿಕೋನಗಳ ಹೊದಿಕೆ. ಯಾವುದು ಆಯತಘನ, ಯಾವುದು ತೂತು ಎಂಬ ಮಾಹಿತಿ ಅದರಲ್ಲಿಲ್ಲ. ಕುಳಿಯನ್ನು ಸರಿಸಲು ಬರುವುದಿಲ್ಲ. ರಾಗಿ ಹಿಟ್ಟಾದ ಮೇಲೆ ಕಾಳು ಹುಡುಕಿದಂತೆ. ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಪೂರ್ತಿಯಾಗಿ ದಾಟಿದ್ದು ಮಕ್ಕಳ ಅಳತೆ ಹಾಳೆ ಮಾತ್ರ: 150, 100, 35, ವ್ಯಾಸ 10, ಆಳ 14, ತುದಿಯ ಎತ್ತರ 21. ಈ ಆರು ಸಂಖ್ಯೆಗಳು, ಜೊತೆಗೆ ಕುಳಿಗಳ ಸ್ಥಾನ ತೋರಿಸುವ ಮೇಲ್ನೋಟ ಇದ್ದರೆ ಯಾವ ತಂತ್ರಾಂಶದಲ್ಲಾದರೂ ಸ್ಟ್ಯಾಂಡನ್ನು ಮತ್ತೆ ಕಟ್ಟಬಹುದು.

ಹಾಳೆಗಳನ್ನು ಶಾಲೆಯ ಗಣಿತ ಕಡತಕ್ಕೆ ಸೇರಿಸಿದ್ದೇನೆ. ಎಸ್‌ಟಿಎಲ್ ಕಡತಗಳ ಪೆನ್‌ಡ್ರೈವ್ ಶಿಕ್ಷಕಿಯವರ ಬಳಿ ಇದೆ, ಫ್ರೀಕ್ಯಾಡ್ ಯಂತ್ರಗಳಲ್ಲಿ ಹಾಗೇ ಇದೆ. ಮುಂದಿನ ತಂಡದಿಂದ ಆ ಶಾಲೆಗೆ ಹೋಗುವ ಪ್ರಶಿಕ್ಷಣಾರ್ಥಿಗಳು ಬುಗುರಿಯ ಲೆಕ್ಕವನ್ನು, ಅಂದರೆ ಅರ್ಧಗೋಳದ ಜೊತೆಗಿನ ಶಂಕುವನ್ನು, ಇದೇ ರೀತಿ ಎರಡೂ ಕಡೆ ಮಾಡಿ ನೋಡಬಹುದು. ಅಲ್ಲಿ ಕಳೆಯುವುದಿಲ್ಲ, ಕೂಡಿಸಬೇಕು.