ಗಜಕರ್ಣ ತಾನಾಗಿ ಏಕೆ ಮಾಯುವುದಿಲ್ಲ? ಎಂಟನೇ ತರಗತಿಗೆ ಶಿಲೀಂಧ್ರದ ಕೋಶಭಿತ್ತಿಯ ಪಾಠ

ಎಂಟನೇ ತರಗತಿಯ ವಿಜ್ಞಾನ ಪುಸ್ತಕದ ‘ಸೂಕ್ಷ್ಮಜೀವಿಗಳು: ಮಿತ್ರ ಮತ್ತು ಶತ್ರು’ ಘಟಕದಲ್ಲಿ ಮನುಷ್ಯನ ರೋಗಗಳ ಒಂದು ಕೋಷ್ಟಕವಿದೆ. ಕ್ಷಯ, ದಡಾರ, ಸೀತಾಳೆ ಸಿಡುಬು, ಪೋಲಿಯೋ, ಕಾಲರಾ, ಟೈಫಾಯ್ಡ್, ಹೆಪಟೈಟಿಸ್ ಎ, ಮಲೇರಿಯಾ ಅದರಲ್ಲಿವೆ. ಬ್ಯಾಕ್ಟೀರಿಯಾ, ವೈರಸ್, ಪ್ರೋಟೋಜೋವ ಮೂರಕ್ಕೂ ಉದಾಹರಣೆ ಸಿಗುತ್ತದೆ, ಶಿಲೀಂಧ್ರಕ್ಕೆ ಸಿಗುವುದಿಲ್ಲ. ಶಿಲೀಂಧ್ರ ಕಾಣಿಸುವುದು ಸಸ್ಯರೋಗಗಳ ಕೋಷ್ಟಕದಲ್ಲಿ, ಗೋಧಿಯ ತುಕ್ಕುರೋಗವಾಗಿ. ದೇವಸುಗೂರಿನ ಮಕ್ಕಳಿಗೆ ಗೋಧಿಯ ತುಕ್ಕಿಗಿಂತ ಹತ್ತಿರದ್ದು ಗಜಕರ್ಣ. ಕೆಲವರು ಅದನ್ನೇ ಹುಳುಕಡ್ಡಿ ಎನ್ನುತ್ತಾರೆ, ಆದರೆ ಅದರಲ್ಲಿ ಹುಳುವೂ ಇಲ್ಲ, ಕಡ್ಡಿಯೂ ಇಲ್ಲ. ನಮ್ಮ ಕಡೆಯ ಬೇಸಿಗೆ, ಬೆವರು, ಮಾನ್ವಿ ಕಡೆಯ ನೀರು ನಿಂತ ಭತ್ತದ ಗದ್ದೆ, ದಿನವಿಡೀ ಬಿಗಿ ಬಟ್ಟೆ, ಬೂಟು ತೊಟ್ಟು ಮಾಡುವ ಕೆಲಸ, ಇವೆಲ್ಲ ಅದಕ್ಕೆ ಅನುಕೂಲ. ಹಾಗಾಗಿ ಬೋಧನಾಭ್ಯಾಸದಲ್ಲಿ ಈ ಘಟಕ ನನ್ನ ಪಾಲಿಗೆ ಬಂದಾಗ ಒಂದು ಅವಧಿಯನ್ನು ಪೂರ್ತಿ ಗಜಕರ್ಣಕ್ಕೇ ಇಟ್ಟುಕೊಂಡೆ.

ಮೊದಲು ಪೀಠಿಕೆಯ ಬಗ್ಗೆ. ‘ನಿಮ್ಮಲ್ಲಿ ಯಾರಿಗೆ ಗಜಕರ್ಣ ಆಗಿದೆ?’ ಎಂಬ ಪ್ರಶ್ನೆ ಪಾಠಯೋಜನೆಯಲ್ಲಿ ಪೂರ್ವಜ್ಞಾನ ಪರೀಕ್ಷೆಯಂತೆ ಚೆನ್ನಾಗಿ ಕಾಣುತ್ತದೆ. ತರಗತಿಯಲ್ಲಿ ಅದನ್ನು ಕೇಳಬಾರದು. ಕುತ್ತಿಗೆಯ ಮಚ್ಚೆ ಮುಚ್ಚಲು ಕಾಲರ್ ಎತ್ತಿಕೊಂಡು ಕೂತ ಮಗು ಆ ನಲವತ್ತು ನಿಮಿಷ ಬೇರೇನನ್ನೂ ಕೇಳಿಸಿಕೊಳ್ಳುವುದಿಲ್ಲ. ನಾನು ಕರುವಿನಿಂದ ಶುರುಮಾಡಿದೆ. ಕರುವಿನ ಕಣ್ಣಿನ ಸುತ್ತ, ಕುತ್ತಿಗೆಯ ಮೇಲೆ ಬೂದಿ ಬಣ್ಣದ ಗುಂಡನೆಯ ಹಕ್ಕಳೆ ಕಂಡವರು ಯಾರು ಎಂದೆ. ಅರ್ಧ ತರಗತಿ ಕೈಯೆತ್ತಿತು. ಅದೂ ಗಜಕರ್ಣವೇ, ಟ್ರೈಕೊಫೈಟಾನ್ ವೆರುಕೋಸಮ್ ಎಂಬ ಶಿಲೀಂಧ್ರದ್ದು ಎಂದು ಹೇಳುವಷ್ಟರಲ್ಲಿ ಮನೆಯವರ, ನೆರೆಯವರ ಕಥೆಗಳು ತಾವಾಗಿಯೇ ಬಂದವು. ಆಗ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ಕೇಳಿದ: “ಮೇಡಂ, ಗಾಯ ಆದ್ರ ತಾನಾ ಮಾಯ್ತದ. ನೆಗಡಿ ಬಂದ್ರ ವಾರದಾಗ ಹೋಗ್ತದ. ಗಜಕರ್ಣ ಯಾಕ ಹೋಗಲ್ರಿ?”

ಆ ಪ್ರಶ್ನೆಯನ್ನೇ ಕಪ್ಪುಹಲಗೆಯ ಮೇಲೆ ಬರೆದೆ. ‘ಸ್ವಚ್ಛತೆ ಇಲ್ಲ, ಅದಕ್ಕೆ’ ಎಂಬುದು ಎಲ್ಲರ ಬಾಯಲ್ಲೂ ಸಿದ್ಧವಿದ್ದ ಉತ್ತರ. ಬೆವರು, ಒದ್ದೆ ಬಟ್ಟೆ, ಒಬ್ಬರ ಟವೆಲ್ಲು ಇನ್ನೊಬ್ಬರು ಬಳಸುವುದು ಇವು ರೋಗ ಹೇಗೆ ಬರುತ್ತದೆ ಎಂಬುದಕ್ಕೆ ಉತ್ತರ. ಬಂದದ್ದು ಏಕೆ ಹೋಗುವುದಿಲ್ಲ ಎಂಬುದಕ್ಕೆ ಶಿಲೀಂಧ್ರದ ಕೋಶಭಿತ್ತಿಯನ್ನೇ ನೋಡಬೇಕು.

ಮನುಷ್ಯನ ಜೀವಕೋಶಕ್ಕೆ ಭಿತ್ತಿ ಇಲ್ಲ, ಪೊರೆ ಮಾತ್ರ. ಶಿಲೀಂಧ್ರಕ್ಕೆ ಪೊರೆಯ ಹೊರಗೆ ಭಿತ್ತಿಯೂ ಇದೆ. ನಮ್ಮೂರಿನ ಹಳೆಯ ಮನೆಯ ಗೋಡೆಯನ್ನು ಹೋಲಿಕೆಗೆ ತೆಗೆದುಕೊಂಡೆ. ಒಳಗಿನ ಕಲ್ಲು ಕೈಟಿನ್, ಏಡಿಯ ಚಿಪ್ಪಿನಲ್ಲಿರುವುದೂ ಇದೇ. ಅದರ ಮೇಲಿನ ಮಣ್ಣು ಬೀಟಾ-ಗ್ಲುಕಾನ್. ಎಲ್ಲಕ್ಕೂ ಹೊರಗೆ ಬಳಿದ ಸುಣ್ಣ ಮ್ಯಾನಾನ್, ಅಂದರೆ ಮ್ಯಾನೋಸ್ ಎಂಬ ಸಕ್ಕರೆಯ ಸರಪಳಿಗಳು ಪ್ರೋಟೀನಿಗೆ ಅಂಟಿಕೊಂಡ ಪದರ. ನಮ್ಮ ದೇಹದಲ್ಲಿ ಬೀಟಾ-ಗ್ಲುಕಾನ್ ತಯಾರಾಗುವುದಿಲ್ಲ. ಆದ್ದರಿಂದ ಅದು ಕಂಡರೆ ಹೊರಗಿನವರು ಬಂದಿದ್ದಾರೆಂದೇ ಅರ್ಥ. ಅದನ್ನು ಗುರುತಿಸಲು ಬಿಳಿ ರಕ್ತಕಣಗಳ ಮೇಲೆ ಡೆಕ್ಟಿನ್-1 ಎಂಬ ಗ್ರಾಹಕವಿದೆ. ಅದರ ಈ ಕೆಲಸವನ್ನು ಗಾರ್ಡನ್ ಬ್ರೌನ್ ಮತ್ತು ಸೈಮನ್ ಗಾರ್ಡನ್ 2001ರಲ್ಲಿ ತೋರಿಸಿಕೊಟ್ಟರು.

ಇಲ್ಲಿಗೊಂದು ಚಟುವಟಿಕೆ. ಒಬ್ಬ ವಿದ್ಯಾರ್ಥಿ ಕಾವಲುಗಾರ. ಕೆಂಪು ಚೀಟಿ ಕಂಡರೆ ಕೂಗಬೇಕು. ಬರುವವರ ಕೈಯಲ್ಲಿ ಕೆಂಪು ಚೀಟಿ ಇದೆ, ಆದರೆ ಮೇಲೆ ಬಿಳಿ ಹಾಳೆ ಅಂಟಿಸಿದೆ. ಕಾವಲುಗಾರ ಸುಮ್ಮನಿದ್ದ. ಹೊರಪದರ ಒಳಪದರವನ್ನು ಮರೆಮಾಡುವುದು ಹೀಗೆ. ಬಾಯಿಹುಣ್ಣು ತರುವ ಕ್ಯಾಂಡಿಡಾದ ಮ್ಯಾನಾನ್ ಈ ಕೆಲಸ ಮಾಡುತ್ತದೆ.

ಹಲವು ಪಾಠಯೋಜನೆಗಳು ಇಲ್ಲಿಗೇ ನಿಲ್ಲುತ್ತವೆ, ಏಕೆಂದರೆ ಆಟ ಚೆನ್ನಾಗಿ ಮುಗಿದಿರುತ್ತದೆ. ಗಜಕರ್ಣದ ಮಟ್ಟಿಗೆ ಮರೆಮಾಚುವಿಕೆ ಅರ್ಧ ಮಾತು ಮಾತ್ರ. 1991ರಲ್ಲಿ ಅಮೆರಿಕದ ಚರ್ಮರೋಗ ತಜ್ಞ ಮಾರ್ಕ್ ಡಾಲ್ ಮತ್ತು ಸಂಗಡಿಗರು ಟ್ರೈಕೊಫೈಟಾನ್ ರೂಬ್ರಮ್ ಎಂಬ ಗಜಕರ್ಣದ ಶಿಲೀಂಧ್ರದಿಂದ ಮ್ಯಾನಾನ್ ಬೇರ್ಪಡಿಸಿ, ಮನುಷ್ಯನ ರಕ್ತದ ಬಿಳಿಕಣಗಳ ಜೊತೆ ಇಟ್ಟು ನೋಡಿದ ಪ್ರಯೋಗ ಪ್ರಕಟವಾಯಿತು. ಸಾಮಾನ್ಯವಾಗಿ ಅನ್ಯವಸ್ತು ಎದುರಾದರೆ ಲಿಂಫೋಸೈಟುಗಳು ಒಂದರಿಂದ ಎರಡು, ಎರಡರಿಂದ ನಾಲ್ಕಾಗಿ ವಿಭಜನೆ ಹೊಂದಿ ಪಡೆ ಕಟ್ಟುತ್ತವೆ. ಮ್ಯಾನಾನ್ ಇದ್ದಾಗ ಆ ವಿಭಜನೆ ತಗ್ಗಿತು. ಅಂದರೆ ಈ ಸುಣ್ಣ ಗೋಡೆಯ ಮೇಲೆ ಸುಮ್ಮನೆ ಕೂರುವುದಿಲ್ಲ. ಉದುರಿ, ಸುತ್ತಲಿನ ಕೋಶಗಳಿಗೆ ತಾಗಿ, ಅವುಗಳ ಕೆಲಸವನ್ನೇ ತಡೆಯುತ್ತದೆ. ಚರ್ಮದ ಕೋಶಗಳು ಬೆಳೆದು ಉದುರುವ ವೇಗವನ್ನೂ ಅದು ತಗ್ಗಿಸುತ್ತದೆ ಎಂಬುದು ಅದೇ ಸಂಶೋಧಕರ ವಿಚಾರ. ಈ ಶಿಲೀಂಧ್ರ ಬದುಕುವುದು ಚರ್ಮದ ಮೇಲಿನ ಸತ್ತ ಪದರದಲ್ಲಿ. ಆ ಪದರ ಬೇಗ ಉದುರಿದರೆ ಅದರ ಮನೆಯೂ ಉದುರಿತು. ನಿಧಾನವಾದರೆ ಅದಕ್ಕೇ ಲಾಭ.

ಇದಕ್ಕಾಗಿ ಆಟಕ್ಕೆ ಎರಡನೇ ಸುತ್ತು ಬೇಕಾಯಿತು. ಈ ಸಲ ಕಾವಲುಗಾರ ಕೆಂಪು ಚೀಟಿ ಕಂಡು ಕೂಗಿದ. ಆದರೆ ಕೂಗು ಕೇಳಿ ಬರಬೇಕಾದವರ ಕೈಗೆ ಬಂದವನೇ ‘ಏಳಬೇಡಿ’ ಎಂಬ ಚೀಟಿ ಹಂಚಿದ. ಮೊದಲ ಸುತ್ತಿನಲ್ಲಿ ಕಾವಲುಗಾರ ನೋಡಲಿಲ್ಲ, ಎರಡನೆಯದರಲ್ಲಿ ನೋಡಿದರೂ ಪಡೆ ಏಳಲಿಲ್ಲ ಎಂದು ವ್ಯತ್ಯಾಸವನ್ನು ಮಕ್ಕಳೇ ಹೇಳಿದರು. ನನಗೆ ಬೇಕಿದ್ದ ಕಲಿಕಾಂಶ ಅದೇ.

ಮತ್ತೆ ಕರುವಿನ ಬಳಿಗೆ ಹೋದೆವು. ದನದ ಗಜಕರ್ಣ ಮನುಷ್ಯನಿಗೆ ಅಂಟಿದರೆ ಕೆಂಪಗೆ ಬಾತು, ಕೀವು ತುಂಬಿ, ನೋಡಲು ಭಯವಾಗುತ್ತದೆ. ರೂಬ್ರಮ್ ಹಾಗಲ್ಲ. ಸಣ್ಣ ತುರಿಕೆ, ತೆಳು ಅಂಚು, ತಿಂಗಳುಗಟ್ಟಲೆ, ವರ್ಷಗಟ್ಟಲೆ ವಾಸ. ಯಾವುದು ಬೇಗ ವಾಸಿಯಾಗಬಹುದು ಎಂದು ಕೇಳಿದಾಗ ಎಲ್ಲರೂ ‘ಸಣ್ಣದು’ ಎಂದರು. ವಾಸ್ತವದಲ್ಲಿ ಬೇಗ ಹೋಗುವುದು ಸಾಮಾನ್ಯವಾಗಿ ಬಾತದ್ದು. ದನಕ್ಕೆ ಒಗ್ಗಿದ ಶಿಲೀಂಧ್ರ ಮನುಷ್ಯನ ದೇಹವನ್ನು ಸುಮ್ಮನಿರಿಸಲಾರದು, ದೇಹ ಜೋರಾಗಿ ಹೊಡೆದಾಡುತ್ತದೆ. ರೂಬ್ರಮ್ ಮನುಷ್ಯನಿಗೇ ಒಗ್ಗಿದ್ದು. ಕೆಂಪು, ಬಾವು ಎಂದರೆ ರೋಗವೇ ಎಂದುಕೊಂಡಿದ್ದ ಮಕ್ಕಳಿಗೆ, ಅದು ದೇಹದ ಹೋರಾಟದ ಗುರುತೂ ಹೌದು ಎಂಬುದು ಹೊಸದು. ನಾನು ಇಲ್ಲಿ ಹೆಚ್ಚು ಹೊತ್ತು ನಿಂತೆ. ವೀಕ್ಷಣೆಗೆ ಬಂದ ಸಹಪಾಠಿ ಗಡಿಯಾರ ತೋರಿಸುತ್ತಲೇ ಇದ್ದಳು.

ನಿಂತದ್ದಕ್ಕೆ ಕಾರಣ ಔಷಧಿ ಅಂಗಡಿಯ ಟ್ಯೂಬು. ಗಜಕರ್ಣ ಎಂದು ಹೇಳಿ ಕ್ರೀಮು ಕೇಳಿದರೆ, ವೈದ್ಯರ ಚೀಟಿ ಇಲ್ಲದೆಯೂ, ಶಿಲೀಂಧ್ರನಾಶಕದ ಜೊತೆ ಕ್ಲೋಬೆಟಾಸೋಲ್‌ನಂಥ ಬಲವಾದ ಸ್ಟೀರಾಯ್ಡ್ ಬೆರೆಸಿದ ಟ್ಯೂಬು ಕೈಗೆ ಬರುವುದುಂಟು. ಸ್ಟೀರಾಯ್ಡ್ ಮಾಡುವ ಕೆಲಸವೇ ರೋಗನಿರೋಧಕ ಕ್ರಿಯೆಯನ್ನು ತಗ್ಗಿಸುವುದು. ಎರಡು ದಿನದಲ್ಲಿ ತುರಿಕೆ ನಿಲ್ಲುತ್ತದೆ, ಕೆಂಪು ಮಾಸುತ್ತದೆ, ಮನೆಯವರಿಗೆ ಸಮಾಧಾನ. ಮ್ಯಾನಾನ್ ಹಂಚಿದ ‘ಏಳಬೇಡಿ’ ಚೀಟಿಗೆ ನಾವೇ ಇನ್ನೊಂದು ಸಹಿ ಹಾಕಿದಂತಾಯಿತು. ಬಿಟ್ಟ ಮೇಲೆ ಮಚ್ಚೆ ಹಬ್ಬಿರುತ್ತದೆ, ಆಕಾರ ಕೆಟ್ಟು ವೈದ್ಯರಿಗೂ ಗುರುತು ಸಿಗದಂತಾಗಿರುತ್ತದೆ. ಇದಕ್ಕೆ 1968ರಲ್ಲೇ ಬ್ರಿಟನ್ನಿನ ಐವ್ ಮತ್ತು ಮಾರ್ಕ್ಸ್ ‘ಟೀನಿಯಾ ಇನ್ಕಾಗ್ನಿಟೊ’, ಅಂದರೆ ವೇಷ ಮರೆಸಿದ ಗಜಕರ್ಣ, ಎಂದು ಹೆಸರಿಟ್ಟರು. ಭಾರತದಲ್ಲಿ ಈಚೆಗೆ ಹರಡಿರುವ, 2020ರಲ್ಲಿ ಟ್ರೈಕೊಫೈಟಾನ್ ಇಂಡೋಟೀನಿಯೆ ಎಂದು ಹೆಸರು ಪಡೆದ ಬಗೆಯಲ್ಲಿ ಟರ್ಬಿನಾಫಿನ್ ಮಾತ್ರೆಗೆ ಜಗ್ಗದ ತಳಿಗಳೂ ಇವೆ. ಮ್ಯಾನಾನ್ ಪ್ರಯೋಗ ನಡೆದದ್ದು ರೂಬ್ರಮ್ ಮೇಲೆ. ಹಾಗಾಗಿ ಆ ಭಾಗದಲ್ಲಿ ರೂಬ್ರಮ್ ಹೆಸರನ್ನಷ್ಟೇ ಹೇಳಿ, ಹೊಸ ಬಗೆಯನ್ನು ಔಷಧದ ಮಾತಿಗೆ ಮೀಸಲಿಟ್ಟೆ. ಪಾಠ ಮಾಡುವವರು ಈ ಎರಡನ್ನು ಬೆರೆಸದಿರುವುದು ಒಳ್ಳೆಯದು.

ಟ್ಯೂಬಿನ ವಿಷಯ ಎತ್ತುವುದು ವಿಜ್ಞಾನ ಪಾಠದ ಮಿತಿ ಮೀರುತ್ತದೆಯೇ ಎಂದು ಚರ್ಚಾಗೋಷ್ಠಿಯಲ್ಲಿ ಪ್ರಶ್ನೆ ಬಂತು. ನಾನು ಯಾವ ಔಷಧಿಯನ್ನೂ ಸೂಚಿಸಲಿಲ್ಲ. ಟ್ಯೂಬಿನ ಮೇಲಿನ ಹೆಸರುಗಳನ್ನು ಓದಿ ಬರೆದುಕೊಂಡು ಬನ್ನಿ ಎಂದು ಮನೆಗೆಲಸ ಕೊಟ್ಟೆ, ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ವೈದ್ಯರನ್ನೇ ಕೇಳಿ ಎಂದೆ. ಹೆಸರಿನ ಕೊನೆಯಲ್ಲಿ ‘ಸೋಲ್’, ‘ಸೋನ್’ ಎಂದು ಬಂದರೆಲ್ಲ ಸ್ಟೀರಾಯ್ಡ್ ಎಂಬ ಸೂತ್ರ ಕೊಡಬೇಡಿ. ಕ್ಲೋಟ್ರಿಮಜೋಲ್, ಕ್ಲೋಬೆಟಾಸೋಲ್ ಕೇಳಲು ಒಂದೇ ಥರ, ಕೆಲಸ ಬೇರೆ ಬೇರೆ.

ಮೌಲ್ಯಮಾಪನಕ್ಕೆ ‘ಕೋಶಭಿತ್ತಿಯ ಘಟಕಗಳನ್ನು ಪಟ್ಟಿ ಮಾಡಿ’ ಎಂಬುದನ್ನು ಕೈಬಿಟ್ಟು ಒಂದು ಸನ್ನಿವೇಶ ಕೊಟ್ಟೆ: ಕ್ರೀಮು ಹಚ್ಚಿದ ಮೇಲೆ ಕೆಂಪು ಕಡಿಮೆಯಾಯಿತು, ಆದರೆ ಅಂಚು ದೊಡ್ಡದಾಯಿತು, ಏಕೆ? ಮುಂದಿನ ಸಾಲಿನ ಹುಡುಗಿಯೊಬ್ಬಳು ಬರೆದ ಉತ್ತರ ಎರಡೇ ಸಾಲು: “ಕಾವಲು ಮಲಗಿತು. ಕಳ್ಳ ಹೋಗಿಲ್ಲ.” ಪಕ್ಕದಲ್ಲಿ ಅವಳು ಬರೆದ ಗೋಡೆಯ ಚಿತ್ರದಲ್ಲಿ ಮೂರೂ ಪದರ ಸರಿಯಾದ ಕ್ರಮದಲ್ಲಿದ್ದವು. ಈ ಪಾಠ ಮಾಡುವವರು ಎರಡು ಅವಧಿ ಇಟ್ಟುಕೊಳ್ಳಿ. ಮೊದಲನೆಯದು ಆಟದ ಎರಡು ಸುತ್ತಿಗೆ ಮುಗಿಯುತ್ತದೆ, ಕರು ಮತ್ತು ಟ್ಯೂಬಿಗೆ ಎರಡನೆಯದು ಬೇಕು.